ಸ್ಟೂಲ್ ಮೇಲೆ ಕೂತ ಉಲ್ಲಂಕಿ

ನನ್ನ ಕೈಯಲ್ಲಿರೋ ಈ ಬ್ರಷ್ ಮೇಲೆ ಆಣೆ, ನಡೆದದ್ದು ನಡೆದ ಹಾಗೇ ಹೇಳ್ತೀನಿ. ಕೂದಲೆಳೆಯಷ್ಟು ಸುಳ್ಳು ಸೇರಿದ್ರೂ ಇದರ ಕೂದಲೆಲ್ಲ ಉದುರಿ ಹೋಗ್ಲಿ. ಈಗಾಗ್ಲೇ ಅರ್ಧ ಉದುರಿದೆ ಅಂತೀರಾ? ಅದು ಹಳೇ ಕಥೆಗಳಿಗೆ ಉದುರಿದ್ದು, ಇದಕ್ಕಲ್ಲ.

ನಾನು ಬೋರ್ಡ್ ಬರೆಯೋನು. ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ಆದ್ರೂ ಈ ಬೀದೀಲಿ ಓದಿದವರೆಲ್ಲ ಓದೋದು ನಾನು ಬರೆದದ್ದನ್ನೇ. ನಮ್ಮ ಅಕ್ಕನ ಗಂಡ, ಅಂದ್ರೆ ಭಾವ, ಅವರದ್ದು ಫೋಟೋ ಸ್ಟುಡಿಯೋ. ಒಂದು ರೂಮು, ಒಂದು ಬಿಳಿ ಪರದೆ, ಒಂದು ಕಬ್ಬಿಣದ ಸ್ಟೂಲು, ಗೋಡೆಗೆ ದಾರ ಕಟ್ಟಿ ನೇತುಹಾಕಿದ ಬಾಚಣಿಗೆ. ಮೂವತ್ತು ವರ್ಷದಿಂದ ಬರೀ ಪಾಸ್‌ಪೋರ್ಟ್ ಫೋಟೋ. “ಎರಡೂ ಕಿವಿ ಕಾಣ್ಬೇಕು, ನಗಬಾರ್ದು, ಗದ್ದ ಒಂಚೂರು ಕೆಳಗೆ.” ಇಷ್ಟನ್ನ ನಿದ್ದೇಲೂ ಹೇಳ್ತಾರೆ, ಬೇಕಾದ್ರೆ ಅಕ್ಕನ್ನ ಕೇಳಿ. ಫೋಟೋ ಹೊಡೆದ ಮೇಲೆ ಕಂಪ್ಯೂಟರ್ ಮುಂದೆ ಕೂತು ಮಚ್ಚೆ, ಮೊಡವೆ, ಕಲೆ ಎಲ್ಲ ಒರೆಸಿಹಾಕ್ತಾರೆ. ಬಾಯಿ ನಿಮ್ಮ ಹತ್ರ ಮಾತಾಡ್ತಿರುತ್ತೆ, ಕೈ ತಾನಾಗೇ ಓಡ್ತಿರುತ್ತೆ. ಒಂದ್ಸಲ ನನ್ನ ಕೆನ್ನೆ ಮೇಲಿನ ಮಚ್ಚೆ ಒರೆಸಿಬಿಟ್ರು. ಫೋಟೋ ನೋಡಿ ಹೆತ್ತ ತಾಯೇ “ಯಾರಪ್ಪಾ ಇದು?” ಅಂದ್ಲು.

ಅವರ ಬೋರ್ಡ್ ಬರೆದವನೂ ನಾನೇ. ನೀಲಿ ಬಣ್ಣದಲ್ಲಿ ‘ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್’ ಅಂತ. ಅದರ ಮೇಲೆ ಕೆಂಪು ಬಣ್ಣದಲ್ಲಿ, ಹಿಂದೆ ನೆರಳು ಕೊಟ್ಟು, ‘ಕಲಾವಿದ’ ಅಂತ. ದಿನಾ ಬೆಳಿಗ್ಗೆ ಶಟರ್ ಎತ್ತೋ ಮುಂಚೆ ಭಾವ ಆ ಕೆಂಪು ಅಕ್ಷರಗಳನ್ನ ಒಂದ್ಸಲ ತಲೆ ಎತ್ತಿ ನೋಡ್ತಾರೆ. ಆಮೇಲೇ ಅವರ ಬೆನ್ನು ನೆಟ್ಟಗಾಗೋದು.

ಈಗ ನಮ್ಮೂರ ನಡಿಗೆ ಕ್ಲಬ್ಬಿನವರ ವಿಷಯಕ್ಕೆ ಬರೋಣ. ಚಳಿಗಾಲ ಬಂತು ಅಂದ್ರೆ ಇವರು ಪ್ರತಿ ಭಾನುವಾರ ಗುಡ್ಡ ಹತ್ತಿ ಇಳಿದು, ಹೊಳೆ ಸಮುದ್ರ ಸೇರೋ ಕೆಸರು ಬಯಲಿಗೆ ಹೋಗಿ ಹಕ್ಕಿ ಫೋಟೋ ಹೊಡೀತಾರೆ. ಗುಡ್ಡ ಅಂದ್ರೆ ಎಂಥ ಗುಡ್ಡ ಅಂದ್ಕೊಂಡ್ರಿ? ಕತ್ತೆ ನಿದ್ದೆ ಮಾಡ್ತಾ ಹತ್ತೋ ಗುಡ್ಡ. ಅದಕ್ಕೆ ಇವರ ಕೈಗೆ ಎರಡು ಕೋಲು, ಬೆನ್ನಿಗೆ ನೀರಿನ ಚೀಲ, ಚೀಲದಿಂದ ಬಾಯಿಗೊಂದು ಕೊಳವೆ, ಥೇಟ್ ಆಸ್ಪತ್ರೆಯಿಂದ ಓಡಿಬಂದ ಪೇಷಂಟುಗಳು. ಮೈಮೇಲೆ ಎಲೆ ಎಲೆ ಚಿತ್ರದ ಬಟ್ಟೆ. ಪೊದೆ ಥರ ಕೂತ್ರೆ ಹಕ್ಕಿಗೆ ಗೊತ್ತಾಗಲ್ವಂತೆ! ಆ ಬಯಲಲ್ಲಿ ಒಂದು ಹುಲ್ಲುಕಡ್ಡಿ ಬೆಳೆಯಲ್ಲ ಸ್ವಾಮಿ. ಬರೀ ಕೆಸರು. ಭಾನುವಾರ ಬಂದ್ರೆ ಅಲ್ಲಿ ದಿಢೀರಂತ ಹನ್ನೊಂದು ಪೊದೆ, ಅದರಲ್ಲಿ ಮೂರಕ್ಕೆ ನೆಗಡಿ. ಹಕ್ಕಿಗಳೇನು ಕುರುಡಾ?

ಇವರ ಮುಂದಾಳು ಹಲ್ಲಿನ ಡಾಕ್ಟರು. ಕುತ್ತಿಗೆಗೆ ನೀರಿನ ಪೈಪಿನಷ್ಟುದ್ದ ಲೆನ್ಸು. ಒಂದು ಹಕ್ಕಿ ಹಾರಿದ್ರೆ ನಾನೂರು ಫೋಟೋ ಹೊಡೀತಾರೆ. ಮುನ್ನೂರ ತೊಂಬತ್ತೊಂಬತ್ತರಲ್ಲಿ ಬಾಲ, ಒಂದರಲ್ಲಿ ಅವರದೇ ಹೆಬ್ಬೆರಳು. ಜೇಬಲ್ಲಿ ಯಾವಾಗ್ಲೂ ಹಕ್ಕಿ ಪುಸ್ತಕ. ‘ಗೊತ್ತಿಲ್ಲ’ ಅನ್ನೋ ಮಾತು ಮಾತ್ರ ಆ ಬಾಯಲ್ಲಿ ಇಲ್ಲಿವರೆಗೂ ಮೊಳೆತಿಲ್ಲ.

ಒಂದು ದಿನ ಡಾಕ್ಟರು ಫೋಟೋ ತೆಗೆಸ್ಕೊಳ್ಳೋಕೆ ಬಂದ್ರು. ಭಾವ ಆಸೆ ತಡೀಲಾರದೆ ಕೇಳೇಬಿಟ್ರು, “ಸಾರ್, ಈ ಚಳಿಗಾಲ ನಾನೂ ನಿಮ್ಮ ಜೊತೆ ಬರ್ಲಾ? ನಾನೂ ಫೋಟೋದವನೇ ಅಲ್ವಾ?”

“ನೀವಾ?” ಅಂತ ಡಾಕ್ಟರು ನಕ್ರು. “ನೀವು ಸ್ಟೂಲ್ ಮೇಲೆ ಕೂರಿಸಿ ಹೊಡೆಯೋರು. ಹಕ್ಕಿ ಬಂದು ಕೂರುತ್ತಾ ನಿಮ್ಮ ಸ್ಟೂಲ್ ಮೇಲೆ?”

“ಕೂತ್ರೆ?”

“ಕೂತ್ರೆ ನಮ್ಮ ಕ್ಲಬ್ಬಿನ ಚಳಿಗಾಲದ ಫೋಟೋ ಪ್ರದರ್ಶನದಲ್ಲಿ ಗೋಡೆಗೆ ಹಾಕ್ತೀವಿ. ಕೂರದಿದ್ರೆ ಹೊರಗಿನ ಬೋರ್ಡಿಂದ ಆ ‘ಕಲಾವಿದ’ ಕೆರೆಸಿಬಿಡಿ. ನೋಡಿದಾಗೆಲ್ಲ ನಗು ಬರುತ್ತೆ.”

ಭಾವನ ಮುಖ ಅವರ ಪರದೆಯಷ್ಟೇ ಬೆಳ್ಳಗಾಯ್ತು. “ಆಗ್ಲಿ ಸಾರ್” ಅಂದ್ರು.

ಸುದ್ದಿ ಕೇಳಿ ಅಕ್ಕ ಸೌಟು ಹಿಡಿದೇ ಹೊರಗೆ ಬಂದ್ಲು. “ಆ ಮಾತು ಕೆರೆದ್ರೆ ಉಳಿಯೋದು ಲ್ಯಾಮಿನೇಷನ್. ಇಷ್ಟು ದಿನ ಕಲಾವಿದನ ಹೆಂಡತಿ ಅಂತಿದ್ದೆ. ಇನ್ಮೇಲೆ ಲ್ಯಾಮಿನೇಷನ್ ಹೆಂಡತಿ ಅನ್ಬೇಕಾ?” ಆಮೇಲೆ ನನ್ನ ಕಡೆ ತಿರುಗಿ, “ಕೆರೆಯೋನು ನೀನೇ ತಾನೇ? ಕೆರೆದು ಬಾ, ಆಮೇಲೆ ಈ ಮನೇಲಿ ಯಾರು ನಿಂಗೆ ಊಟಕ್ಕೆ ಹಾಕ್ತಾರೆ ನೋಡ್ತೀನಿ” ಅಂದ್ಲು. ನಾನೇನು ಮಾಡಿದ್ದೆ ಹೇಳಿ?

ಭಾನುವಾರ ಬೆಳಿಗ್ಗೆ ನನ್ನ ತಲೆ ಮೇಲೆ ಕಬ್ಬಿಣದ ಸ್ಟೂಲು, ಭಾವನ ಕಂಕುಳಲ್ಲಿ ಬಿಳಿ ಪರದೆ, ಜೇಬಲ್ಲಿ ಬಾಚಣಿಗೆ. ದಾರಿಯುದ್ದಕ್ಕೂ ಪೊದೆಗಳು ಕಿಸಿಕಿಸಿ ನಕ್ಕವು. ಭಾವ ಕೆಸರಲ್ಲಿ ಸ್ಟೂಲ್ ನೆಟ್ರು, ಹಿಂದೆ ಎರಡು ಕೋಲಿಗೆ ಪರದೆ ಕಟ್ಟಿದ್ರು, ಮುಂದೆ ನಿಂತ್ರು. ಅಡಗಿಲ್ಲ, ಮಲಗಿಲ್ಲ, ಅಂಗಡೀಲಿ ನಿಂತ ಹಾಗೇ ನಿಂತ್ರು.

ಸಮುದ್ರಕ್ಕೆ ಭರತ ಬಂತು. ನೀರು ಏರ್ತಾ ಏರ್ತಾ ಕೆಸರೆಲ್ಲ ಮುಳುಗ್ತು. ಪೊದೆಗಳು ಕ್ಯಾಮೆರಾ ತಲೆ ಮೇಲೆ ಹೊತ್ಕೊಂಡು, ಅಯ್ಯೋ ಅಮ್ಮಾ ಅಂತ ದಡಕ್ಕೆ ಓಡಿದವು. ಒಣಗಿದ ಜಾಗ ಅಂತ ಉಳಿದಿದ್ದು ಒಂದೇ, ನಮ್ಮ ಸ್ಟೂಲು. ಉದ್ದ ಕೊಕ್ಕಿನ ಒಂದು ಉಲ್ಲಂಕಿ ಹಾರಿಬಂದು ಅದರ ಮೇಲೆ ಕೂತೇಬಿಡ್ತು!

ಸೊಂಟದ ಮಟ್ಟ ನೀರಲ್ಲಿ ನಿಂತ ಭಾವ ಗಡಿಬಿಡಿ ಇಲ್ಲದೆ, “ಸೈಡಿಗೆ ಬೇಡಮ್ಮಾ, ನೇರ ನೋಡಿ” ಅಂದ್ರು. ಹಕ್ಕಿ ನೇರ ನೋಡ್ತು. “ಗದ್ದ ಒಂಚೂರು ಕೆಳಗೆ.” ಕೆಳಗಿಳಿಸ್ತು. ಭಾವ ಬಾಚಣಿಗೆ ತೋರಿಸಿದ್ರು. ಅದು ತಲೆ ಅಲ್ಲಾಡಿಸಿ, ಬೇಡ ಅಂತ, ಕೊಕ್ಕಲ್ಲೇ ಗರಿ ಬಾಚ್ಕೊಂಡ್ತು. “ನಗಬಾರ್ದು.” ನಗಲಿಲ್ಲ. ಒಂದೇ ಸಲ, ಕ್ಲಿಕ್. ಹಾರಿಹೋಗೋ ಮುಂಚೆ, ಯಾವಾಗ ಕೊಡ್ತೀರಿ ಅನ್ನೋ ಥರ ಒಂದ್ಸಲ ನೋಡ್ತು. ನಾನು ಅಲ್ಲೇ ಇದ್ದೆ ಸ್ವಾಮಿ, ಪರದೆ ಕೋಲು ಹಿಡ್ಕೊಂಡು.

ಮಧ್ಯಾಹ್ನ ಸ್ಟುಡಿಯೋದಲ್ಲಿ ಭಾವ ಫೋಟೋ ರೆಡಿ ಮಾಡ್ತಾ, “ನೋಡಿದ್ಯೇನೋ ಅವಳ ಶಿಸ್ತು? ನಿಮ್ಮಕ್ಕನೂ ಹೀಗೆ ಕೂತವಳಲ್ಲ” ಅಂತ ಬಾಯ್ತುಂಬ ಮಾತಾಡಿದ್ರು. ಪ್ರಿಂಟ್ ತೆಗೆದು, ಕವರಿಗೆ ಹಾಕಿ, ಕ್ಲಬ್ಬಿಗೆ ಕೊಟ್ಟುಬಂದ್ರು.

ಪ್ರದರ್ಶನದ ದಿನ ನಾವು ಮೂವರೂ ಹೋದ್ವಿ. ಒಳಗೆಲ್ಲ ಬಾಲಗಳು. ಗೋಡೆ ತುಂಬ ಬಾಲಗಳು. ನಟ್ಟನಡುವೆ, ಕ್ಲಬ್ಬಿನವರು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಹಾಕಿದ್ದ ಭಾವನ ಹಕ್ಕಿ. ಹತ್ರ ಹೋಗಿ ನೋಡಿದೆ. ಎರಡು ಕಣ್ಣಿದೆ, ದುಂಡು ಮುಖ ಇದೆ, ಕೊಕ್ಕಿಲ್ಲ!

ಏನಾಗಿತ್ತು ಗೊತ್ತಾ? ಹಕ್ಕಿ ನೇರ ನೋಡಿದ್ರೆ ಅಷ್ಟುದ್ದ ಕೊಕ್ಕೂ ಮುಖದ ಮಧ್ಯೆ ಒಂದು ಕಪ್ಪು ಚುಕ್ಕೆ ಥರ ಕಾಣುತ್ತೆ. ಮೂವತ್ತು ವರ್ಷದ ಕೈ ಸುಮ್ನಿರುತ್ತಾ? ಮಚ್ಚೆ ಅಂತ ಒರೆಸಿಬಿಟ್ಟಿದೆ.

ಭಾವನಿಗೂ ಈಗ ಕಂಡ್ತು. ನನ್ನ ಭುಜ ಹಿಡ್ಕೊಂಡ್ರು. ಅಷ್ಟರಲ್ಲಿ ಡಾಕ್ಟರು ಜನ ಸೇರಿಸ್ಕೊಂಡು, ಪುಸ್ತಕ ಎತ್ತಿ ಹಿಡಿದು ಭಾಷಣ ಶುರು ಮಾಡಿದ್ರು. “ಇದು ಬಹಳ ಅಪರೂಪದ ತಳಿ. ಇಪ್ಪತ್ತು ವರ್ಷಕ್ಕೊಮ್ಮೆ ಬರುತ್ತೆ. ನಾನು ಮೊದಲೇ ಗುರುತಿಸಿದ್ದೆ.” ಪೊದೆಗಳೆಲ್ಲ “ಹೌದು ಹೌದು, ನಾವೂ ನೋಡಿದ್ವಿ” ಅಂತ ತಲೆ ಆಡಿಸಿದವು. ಒಬ್ಬರು, ಅದರ ಕೂಗು ಬಹಳ ಇಂಪು ಅಂದ್ರು. ಕೊಕ್ಕಿಲ್ಲದೆ!

ನಾನು ಭಾವನ ಕಾಲು ತುಳಿದು, “ಬಾಯಿ ಮುಚ್ಕೊಂಡಿರಿ, ಬೋರ್ಡ್ ಉಳೀತು” ಅಂದೆ. ಅಕ್ಕನೂ ಕಣ್ಣಲ್ಲೇ ಗದರಿಸಿದ್ಲು. ಆದ್ರೆ ಭಾವ ಸೀದಾ ಮುಂದೆ ಹೋಗಿ, ಡಾಕ್ಟರ ಕಿವಿ ಹತ್ರ ಬಗ್ಗಿ ಹೇಳಿದ್ರು. “ಸಾರ್, ತಪ್ಪಾಗಿದೆ. ಅದು ಮಾಮೂಲಿ ಉಲ್ಲಂಕಿ. ಕೊಕ್ಕು ಒರೆಸಿದ್ದು ನಾನು. ಇದನ್ನ ಇಟ್ಕೊಂಡು ನಾನು ಕಲಾವಿದ ಅನ್ನಲ್ಲ. ಇಳಿಸಿಬಿಡಿ, ನಾಳೆ ಬೋರ್ಡ್ ಕೆರೆಸ್ತೀನಿ.”

ಡಾಕ್ಟರ ಹಣೇಲಿ ಬೆವರು. ಆ ಕಡೆ ಈ ಕಡೆ ನೋಡಿ, ಭಾವನ ಕೈ ಹಿಡ್ಕೊಂಡು, “ಶ್ಶ್! ಮೆಲ್ಲಗೆ ಮಾತಾಡಿ ಸಾರ್! ಇವರೆಲ್ಲ ನನ್ನ ಹತ್ರ ಹಲ್ಲು ಕೀಳಿಸೋರು. ಹಕ್ಕಿಗೆ ಕೊಕ್ಕಿದೆಯೋ ಇಲ್ವೋ ಗೊತ್ತಾಗಲಿಲ್ಲ ಅಂದ್ರೆ ನಾಳೆ ಬಾಯಿ ತೆಗೀತಾರಾ? ಬೋರ್ಡ್ ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ!” ಅಂದ್ರು.

ಮಾರನೇ ದಿನ ಡಾಕ್ಟರೇ ನಿಂತು, ‘ಕಲಾವಿದ’ಕ್ಕೆ ನನ್ನ ಕೈಯಲ್ಲಿ ಎರಡನೇ ಕೋಟ್ ಕೆಂಪು ಬಳಿಸಿದ್ರು. ಭಾವ ಮಾತ್ರ ತಲೆ ಎತ್ತಿ ನೋಡ್ತಿಲ್ಲ. ಕೊಕ್ಕಿರೋ ಫೋಟೋ ಹೊಡೆದ ಮೇಲೇ ನೋಡೋದಂತೆ. ಹಕ್ಕಿಗೂ ಅದೇ ಬೇಕು. ಮೊನ್ನೆ ಸ್ಟುಡಿಯೋ ಬಾಗಿಲಿಗೆ ಬಂದು ಕೊಕ್ಕಲ್ಲಿ ಟಕಟಕ ಅಂತ ಕುಟ್ಟಿ ಹೋಯ್ತು. ಆ ಫೋಟೋ ಹಿಡ್ಕೊಂಡು ಯಾವ ದೇಶಕ್ಕೂ ಬಿಡ್ತಿಲ್ವಂತೆ ಪಾಪ.

ನಂಬಿಕೆ ಇಲ್ವಾ? ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿ, ಕಣ್ಣಾರೆ ನೋಡುವಿರಂತೆ. ಇಷ್ಟು ಹೊತ್ತು ಕೂತು ನಕ್ಕಿದ್ದೀರಿ, ಭುಜನೂ ಚೆನ್ನಾಗಿ ಬೆಳೆಸಿದ್ದೀರಿ. ಸ್ಟೂಲ್ ಹೊರೋ ಕೆಲಸ ನಿಮ್ಮದು.