ಮುನ್ನಿಯ ಮೈಗೂದಲು

ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯ ಕುದುರೆ ಲಾಯದಲ್ಲಿ ಪಾರ್ವತೆಮ್ಮ ದೊರೆಸಾನಿಯವರ ಮೃಗಶಾಲೆ ಇತ್ತು. ಊರವರು ಅದನ್ನು ಹುಲಿಖಾನೆ ಎಂದು ಕರೆಯುತ್ತಿದ್ದರು. ಹುಲಿ ಸತ್ತು ಬಹಳ ವರ್ಷಗಳಾಗಿದ್ದವು. ಅದನ್ನು ಸಾಕಿದ ದೊರೆಗಳೂ ಈಗ ಇರಲಿಲ್ಲ. ಉಳಿದದ್ದು ಒಂದು ಹಿಂಡು ಜಿಂಕೆ, ಮುಳ್ಳುಹಂದಿಯ ಜೋಡಿ, ಸದಾ ಕಚ್ಚಾಡುವ ಮಂಗಗಳು ಮತ್ತು ಮುನ್ನಿ ಎಂಬ ಕರಡಿ. ಹಟ್ಟಿ ಗಣಿಯ ಕೂಲಿಗಳೂ ಮಸ್ಕಿಯ ಸಂತೆಗೆ ಹೋಗುವ ಬಂಡಿಯವರೂ ಆಣೆ ಕೊಟ್ಟು ಒಳಗೆ ಬರುತ್ತಿದ್ದುದು ಮುನ್ನಿಯನ್ನು ನೋಡಲು.

ಯುದ್ಧ ಶುರುವಾದ ಮೇಲೆ ಅವರೂ ಕಡಿಮೆಯಾದರು. ಜೋಳ ಸರ್ಕಾರದ ಲೆವಿಗೆ ಹೋಗುತ್ತಿತ್ತು; ಮನುಷ್ಯರಿಗೇ ಸಾಲದ್ದನ್ನು ಕರಡಿಗೆ ಹಾಕುತ್ತಾರೆಂದು ಊರಲ್ಲಿ ಗೊಣಗಾಟ. ಮುಚ್ಚಿಬಿಡಿ ಎಂದು ನೆಂಟರೆಲ್ಲ ಹೇಳಿದರು. ಪಾರ್ವತೆಮ್ಮ ಮುಚ್ಚಲಿಲ್ಲ. ರಾಯಚೂರಿನಲ್ಲಿ ಒಂದು ಸರ್ಕಸ್ಸು ದಿವಾಳಿಯೆದ್ದು ಪ್ರಾಣಿಗಳನ್ನು ಮಾರುತ್ತಿದೆ ಎಂದು ಕೇಳಿ, ತಮ್ಮ ಬಂಗಾರದ ಡಾಬು ಮಾರಿ ಒಂದು ಸಿಂಹವನ್ನು ತರಿಸಿದರು. ಹೊರಬಾಗಿಲಿನ ಪಕ್ಕದಲ್ಲಿ, ಮುನ್ನಿಯ ಪಂಜರಕ್ಕೆ ಎದುರಾಗಿ, ದಪ್ಪ ಸರಳುಗಳ ಹೊಸ ಮನೆ ಕಟ್ಟಿಸಿದರು. ಸಿಂಹ ಜನರನ್ನು ಕರೆತಂದರೆ ಮುಂದೆ ಮೊಸಳೆಗೊಂದು ಹೊಂಡ, ನವಿಲುಗಳಿಗೊಂದು ಬಲೆಮನೆ. ಜನ ಬರದಿದ್ದರೆ ಏನು ಎಂಬುದನ್ನು ಅವರು ಯೋಚಿಸಲು ಹೋಗಲಿಲ್ಲ. ಹುಣ್ಣಿಮೆಯ ಮಾರನೆಯ ದಿನ ದೊಡ್ಡ ಅಧಿಕಾರಿಯೊಬ್ಬರು ಬಂದು ಸಿಂಹದ ಮನೆಯ ಪರದೆ ಸರಿಸುವುದೆಂದು ಗೊತ್ತಾಗಿತ್ತು.

ಸಿಂಹ ಬಂದು ತಿಂಗಳಾಗುವುದರೊಳಗೆ ಮುನ್ನಿಯ ಎದೆಯ ಮೇಲಿನ ಕೂದಲು ಹೋಗತೊಡಗಿತು. ಆಮೇಲೆ ತೋಳಿನ ಒಳಮಗ್ಗುಲು. ಆಮೇಲೆ ಹೊಟ್ಟೆ. ಕಪ್ಪು ಜೂಲಿನ ನಡುವೆ ಬೂದುಬಣ್ಣದ ಚರ್ಮ ಅಲ್ಲಲ್ಲಿ ಕಾಣಿಸಿತು.

ಮಕ್ಕಳು ಬೆಚ್ಚಿಬಿದ್ದರೆ ಕರಡಿಯ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುವುದು ಆ ಸೀಮೆಯ ರೂಢಿ. ಹೀಗಾಗಿ ಎಲ್ಲರ ಕಣ್ಣೂ ಮೊದಲು ಹೋದದ್ದು ರಾಜಾಬೀಯ ಮೇಲೆ. ಮುನ್ನಿಯನ್ನು ನೋಡಿಕೊಳ್ಳುತ್ತಿದ್ದವಳು ಅವಳು. ಗುರುಗುಂಟಾದ ಕರಡಿ ಆಡಿಸುವವರ ಮಗಳು. ಗಂಡ ಸತ್ತ ವರ್ಷ, ಕಣ್ಣು ಬಿಡದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ದೊರೆಗಳ ಹತ್ತಿರ ಬಂದಿದ್ದಳು. ಮುನ್ನಿ ಅವಳ ಕೈಯಿಂದಲ್ಲದೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ಅವಳು ಸರಳಿನ ಹತ್ತಿರ ಕೂತರೆ ಸಾಕು, ಅವಳ ಬೆರಳುಗಳನ್ನು ಬಾಯಲ್ಲಿಟ್ಟುಕೊಂಡು ಗುಂಯ್ ಎಂದು ರಾಗ ಹಾಡುತ್ತ ಚೀಪುತ್ತಿತ್ತು.

ಕಾರಭಾರಿ ಯಂಕೋಬ ಒಂದು ದಿನ ಮಸ್ಕಿಯ ಸಂತೆಯಿಂದ ಬಂದವನೇ ದೊರೆಸಾನಿಯವರ ಮುಂದೆ ಒಂದು ತಾಯಿತ ಇಟ್ಟ.

"ನೋಡ್ರಿ ಅವ್ವಾರೆ. ಸಂತ್ಯಾಗ ಒದರಿ ಒದರಿ ಮಾರಾಕತ್ತಾರ. ಲಿಂಗಸುಗೂರ ಹುಲಿಖಾನಿ ಕರಡೀದು ಅಂತ ಆಣಿ ಮಾಡಿ ಹೇಳತಾರ."

ರಾಜಾಬೀಯನ್ನು ಕರೆಸಿದರು. ಅವಳು ತಾಯಿತ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು.

"ಇದು ಹೋತಿನ ಕೂದಲ ಐತ್ರಿ. ನಾತ ಬಡೀತೈತಿ. ಯಂಕೋಬಣ್ಣಾ, ನಿನಗ ಹೋತಿನ ಗಡ್ಡಾ ಮಾರ್ಯಾರ ನೋಡು."

"ಮಾತಾಡಬ್ಯಾಡ ಬೇ! ನೀ ಕೂದಲ ಕೊಟ್ಟಿಲ್ಲೇನು ಯಾರಿಗೂ?"

ರಾಜಾಬೀ ಸುಳ್ಳು ಹೇಳಲಿಲ್ಲ. "ಕೊಟ್ಟೀನಿ. ಮುಂಜಾನಿ ಕಸಾ ಹೊಡಿಯಾಗ ಉದುರಿ ಬಿದ್ದಿರತಾವು. ತಿಪ್ಪೀಗೆ ಹಾಕೂದಕ್ಕಿಂತ, ಕೂಸು ಎತ್ಕೊಂಡು ಬಂದ ತಾಯಂದ್ರಿಗೆ ಕೊಟ್ಟೀನಿ. ಒಂದು ದುಡ್ಡು ಮುಟ್ಟಿಲ್ಲ."

"ತಾನ ಉದುರತಾವಂತ! ಮಾವಿನ ಗಿಡದ ಎಲಿ ಏನು?"

ಪಾರ್ವತೆಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಹಿಂದೆ ಒಮ್ಮೆ ಅವರಿಗೆ ಚಳಿಜ್ವರ ಬಂದಾಗ ರಾಜಾಬೀ ತಾನಾಗಿ ಬಂದು ಇಡೀ ದಿನ ಕಾಲೊತ್ತಿದ್ದಳು. ಅದು ನೆನಪಾಯಿತು, ನೆನಪಾದದ್ದಕ್ಕೇ ಅನುಮಾನ ಹೆಚ್ಚಾಯಿತು. ಇಷ್ಟು ಒಳ್ಳೆಯವಳಂತೆ ಕಾಣುವವಳು ಏನು ಮಾಡಿದರೂ ಯಾರಿಗೆ ತಿಳಿಯುತ್ತದೆ?

"ಕೊಟ್ಟೀನಿ ಅಂತ ನೀನ ಒಪ್ಪಿದ್ಯಲ್ಲ," ಎಂದರು. "ಸಾಹೇಬರು ಬರೂ ದಿನ ಬೋಳು ಕರಡಿ ತೋರಿಸಲೇನು? ನಾಳಿಂದ ನೀ ಬರಬ್ಯಾಡ."

"ನಾ ಬರದಿದ್ರ ಆಕಿ ಉಣ್ಣಂಗಿಲ್ರಿ, ಅವ್ವಾರೆ. ಕೂಲಿ ಬಿಡ್ತೀನಿ. ಉಣ್ಣಿಸಿ ಹೋಗ್ತೀನಿ, ಅಷ್ಟಕ್ಕರ ಬಿಡ್ರಿ."

"ಹಸಿದ್ರ ಉಣ್ತೈತಿ," ಎಂದ ಯಂಕೋಬ.

ರಾಜಾಬೀ ಗಂಟು ಕಟ್ಟಿಕೊಂಡು ಗುರುಗುಂಟಾಕ್ಕೆ, ತಮ್ಮ ಬುಡ್ಡೇಸಾಬನ ಮನೆಗೆ ಹೋದಳು.

ಪಾರ್ವತೆಮ್ಮ ಮುನ್ನಿಯ ಪಂಜರಕ್ಕೆ ಹೊಸ ಬೀಗ ಹಾಕಿಸಿದರು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಬಲಿಯ ಬೋಗುಣಿಯನ್ನು ಸರಳಿನ ಕೆಳಗಿಂದ ತಳ್ಳುವುದು, ಹಾಗೇ ತುಂಬಿದ್ದನ್ನು ಮತ್ತೆ ಎಳೆದುಕೊಳ್ಳುವುದು, ಇಷ್ಟೇ ಕೆಲಸವಾಯಿತು. ಬೆಲ್ಲ ಹಾಕಿದರು. ಇಪ್ಪೆ ಹೂವು ಹುಡುಕಿ ತರಿಸಿದರು. ಮುನ್ನಿ ಮೂಸಿಯೂ ನೋಡಲಿಲ್ಲ.

ಕೂದಲು ಮಾತ್ರ ಹೋಗುತ್ತಲೇ ಇತ್ತು. ಬೀಗ ಹಾಕಿದ ಪಂಜರದ ಮೂಲೆಯಲ್ಲಿ ಕಪ್ಪು ಕೂದಲಿನ ಗುಪ್ಪೆ ಬಿದ್ದಿರುವುದನ್ನು ಪಾರ್ವತೆಮ್ಮ ಕಣ್ಣಾರೆ ಕಂಡರು. ಕಳ್ಳ ಕದ್ದದ್ದನ್ನು ಯಾಕೆ ಬಿಟ್ಟುಹೋಗುತ್ತಾನೆ ಎಂದು ಕೇಳಿಕೊಳ್ಳಬೇಕಿತ್ತು. ಅವರಿಗೆ ಹೊಳೆದದ್ದು ಬೇರೆ: ಬೀಗಕ್ಕೆ ಎರಡನೆಯ ಕೀಲಿ ಇದೆ. ಬೀಗ ತಂದವನು ಯಂಕೋಬ. ರಾಜಾಬೀಯನ್ನು ಓಡಿಸಲು ಅವನೇಕೆ ಅಷ್ಟು ಆತುರಪಟ್ಟ?

ಯಂಕೋಬನಿಗೆ ದೊರೆಸಾನಿಯವರ ನೋಟ ಬದಲಾದದ್ದು ಗೊತ್ತಾಯಿತು. ಅವನು ಮೆಲ್ಲಗೆ ಬೆರಳನ್ನು ಇನ್ನೊಂದು ಕಡೆ ತಿರುಗಿಸಿದ. "ಆ ಸಿಂಹದ ಸಂಗಾಟ ಬಂದಾನಲ್ಲರಿ, ರಹಮಾನಸಾಬ. ಸರ್ಕಸ್ಸಿನವ. ಎಂಥೆಂಥಾ ಬೀಗಾ ತಗಿಯೂ ವಿದ್ಯಾ ಇರ್ತದೋ ಅವರ ಹಂತ್ಯಾಕ!"

ರಹಮಾನಸಾಬ ಬಡಕಲು ಮನುಷ್ಯ. ಮಧ್ಯಾಹ್ನ ಬಾಗಿಲು ಮುಚ್ಚಿ ಸಿಂಹಕ್ಕೆ ಮಾಂಸ ಹಾಕುವುದು ಅವನ ಕೆಲಸ. ಪಾರ್ವತೆಮ್ಮ ಅವನನ್ನು ಕೇಳಿದಾಗ ಅವನು ಕೈಮುಗಿದ.

"ನಾ ಆ ಕಡೆ ನೋಡೂದಾ ಇಲ್ಲ ಅಮ್ಮಾ. ಶೇರ್ ಮುಂದ ನಿಂತಾಗ ಕಣ್ಣು ಹೊಳ್ಳಿಸಿದ್ರ ಕೈ ಹೋಗ್ತದ. ರಾಜಾಬೀ ಆಪಾನೂ ಆಗ ಇರ್ತಿರಲಿಲ್ಲ. ಆ ಹೊತ್ತಿಗೆ ನಿಮ್ಮ ಅಡಿಗಿಮನಿಗೆ ಅಂಬಲಿ ತರಾಕ ಹೋಗಿರ್ತಿದ್ರು." ಸ್ವಲ್ಪ ತಡೆದು, "ಬರೂವಾಗ ನನಗೂ ಒಂದು ಲೋಟಾ ತರ್ತಿದ್ರು," ಎಂದ.

ಹಾಗಾದರೆ ಮಧ್ಯಾಹ್ನ ಆ ಅಂಗಳದಲ್ಲಿ ಇವನೊಬ್ಬನೇ. ಪಾರ್ವತೆಮ್ಮ ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

ಮರುದಿನ ಯಾರಿಗೂ ಹೇಳದೆ, ಜಿಂಕೆಗಳ ಹುಲ್ಲಿಡುವ ಕೋಣೆಯಲ್ಲಿ ಹೋಗಿ ಕೂತರು. ಕಿಟಕಿಯಿಂದ ಮುನ್ನಿಯ ಪಂಜರ ಪೂರ್ತಿ ಕಾಣುತ್ತಿತ್ತು. ಬಿಸಿಲಿಗೆ ಮಂಗಗಳೂ ಸುಮ್ಮನಾಗಿದ್ದವು. ರಹಮಾನಸಾಬ ಬಾಗಿಲಿನ ಅಗಳಿ ಹಾಕಿದ. ಪರದೆಯ ಒಂದು ಅಂಚನ್ನು ಎತ್ತಿ ಕಟ್ಟಿದ. ಪಾರ್ವತೆಮ್ಮ ಅವನ ಕೈಗಳನ್ನೇ ನೋಡಿದರು. ಅವನು ಬುಟ್ಟಿಯಿಂದ ಮಾಂಸ ತೆಗೆದ. ಸಿಂಹ ಎದ್ದಿತು.

ಅದು ಗರ್ಜಿಸಿದಾಗ ಕಿಟಕಿಯ ಕಟ್ಟೆ ಅಂಗೈಯ ಕೆಳಗೆ ನಡುಗಿತು. ಮನೆಯಲ್ಲಿ ಕೂತು ಎಷ್ಟೋ ಸಲ ಆ ಸದ್ದು ಕೇಳಿ ಅವರು ಹಿಗ್ಗಿದ್ದರು. ಡಾಬಿಗೆ ತಕ್ಕ ಸದ್ದು ಎಂದುಕೊಂಡಿದ್ದರು. ಹತ್ತಿರದಿಂದ ಅದು ಬೇರೆಯೇ ಆಗಿತ್ತು.

ಮುನ್ನಿ ಹಿಂದೆ ಹಿಂದೆ ಸರಿದು ಮೂಲೆಯ ಗೋಡೆಗೆ ಬೆನ್ನು ಒತ್ತಿತು. ಗೋಡೆಯಾಚೆಗೂ ಹೋಗಬೇಕೆಂಬಂತೆ ಕಾಲಿನಿಂದ ನೆಲವನ್ನು ಒದೆಯಿತು. ಹೋಗಲಾಗದೆ ಕೂತುಕೊಂಡಿತು. ಆಮೇಲೆ ತಲೆ ಬಗ್ಗಿಸಿ, ತನ್ನ ಎದೆಯ ಕೂದಲನ್ನು ತಾನೇ ಹಲ್ಲಿನಿಂದ ಹಿಡಿದು ಕಿತ್ತಿತು. ಮತ್ತೊಂದು ಹಿಡಿ. ಉಗುರಿನಿಂದ ತೋಳನ್ನು ಪರಚಿ ಮತ್ತೊಂದು. ಅತ್ತ ಸಿಂಹ ಎಲುಬು ಕಡಿಯುವವರೆಗೂ ಇತ್ತ ಅದು ಕೀಳುತ್ತಲೇ ಇತ್ತು. ನಡುವೆ ಗುಂಯ್ ಎನ್ನುತ್ತ ತನ್ನ ಪಂಜವನ್ನೇ ಚೀಪುತ್ತಿತ್ತು. ರಹಮಾನಸಾಬ ಒಮ್ಮೆಯೂ ತಿರುಗಿ ನೋಡಲಿಲ್ಲ.

ಪಾರ್ವತೆಮ್ಮ ಸೆರಗಿಗೆ ಅಂಟಿದ ಹುಲ್ಲನ್ನು ಕೊಡವಿಕೊಳ್ಳದೆಯೇ ಹೊರಗೆ ಬಂದು, ಬಂಡಿ ಕಟ್ಟಲು ಹೇಳಿದರು.

ಗುರುಗುಂಟಾದಲ್ಲಿ ರಾಜಾಬೀ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ದೊರೆಸಾನಿಯವರನ್ನು ಕಂಡು ಎದ್ದು ನಿಂತಳು. ನಗಲಿಲ್ಲ. ಆದರೂ ಒಳಗೆ ಹೋಗಿ ನೀರು ತಂದಳು, ತಾಟಿನಲ್ಲಿ ಬೆಲ್ಲದ ಚೂರು ಇಟ್ಟಳು. ಬುಡ್ಡೇಸಾಬ ಕೂರಲು ಹೊರಸು ಹಾಕಿ ದೂರ ನಿಂತ.

ಕಂಡದ್ದನ್ನೆಲ್ಲ ಪಾರ್ವತೆಮ್ಮ ಹೇಳಿದರು. ರಾಜಾಬೀ ಮತ್ತೆ ಕೂತು ಶೇಂಗಾದ ಸಿಪ್ಪೆಯನ್ನು ಒಂದು ಕಡೆ ಒಟ್ಟಿದಳು.

"ಮಕ್ಕಳ ಅಂಜಿಕಿ ಹೋಗಲಿ ಅಂತ ಮಂದೀಗೆ ಕೊಟ್ಟೆ," ಎಂದಳು. "ಆಕಿ ಅಂಜಿ ಅಂಜಿ ಕಿತ್ಕೊಂಡಿದ್ದನ್ನ. ನಾ ಅಂಬಲಿ ತರಾಕ ಹೋದಾಗ."

"ಉಂಡಿಲ್ಲ ಅದು, ನೀ ಬಿಟ್ಟು ಬಂದಾಗಿಂದ. ಬಾ ರಾಜಾಬೀ."

"ಬಂದು? ಶೇರು ಎಲ್ಲಿಗೆ ಹೋಗ್ತದ?"

ಪಾರ್ವತೆಮ್ಮನ ಹತ್ತಿರ ಇದ್ದ ಬಂಗಾರವೆಲ್ಲ ಆಗಲೇ ಸಿಂಹವೂ ಸರಳುಗಳೂ ಆಗಿತ್ತು. ಇನ್ನೊಂದು ಮೂಲೆಯಲ್ಲಿ ಇನ್ನೊಂದು ಕಟ್ಟಲಾರರು. ಸಿಂಹವನ್ನು ಕೊಳ್ಳುವವರೂ ಇಲ್ಲ. ದಾರಿಯುದ್ದಕ್ಕೂ ಅವರು ಯೋಚಿಸಿದ್ದು ಇದನ್ನೇ.

"ಮುನ್ನೀನ್ನ ನಿನಗ ಕೊಡ್ತೀನಿ," ಎಂದರು. "ಇಲ್ಲಿಗೆ ಕರ್ಕೊಂಡು ಬಾ."

ರಾಜಾಬೀಯ ಕಣ್ಣುಗಳು ಕಿರಿದಾದವು. ತಮ್ಮನ ಕಡೆ ನೋಡಿದಳು.

"ಯಾಕ ಕೊಡ್ತೀರಿ?"

"ಯಾಕಂದ್ರ? ನಿನ್ನ ಕರಡಿ."

"ಮೊನ್ನಿ ಹತ್ತು ಕೂದಲಕ್ಕ ಕಳ್ಳಿ ಅಂದ್ರಿ. ಇವತ್ತು ಇಡೀ ಕರಡಿ ಕೊಡ್ತೀನಿ ಅಂತೀರಿ." ಅವಳ ದನಿ ಏರಲಿಲ್ಲ. "ನಾ ಆಕೀನ ಹಗ್ಗಾ ಹಿಡಕೊಂಡು ದಾರಿ ಹಿಡಿದಿರ್ತೀನಿ. ಹಿಂದಿಂದ ಪೊಲೀಸ್ ಅಮೀನ ಬರ್ತಾನ. ದೊರೆಸಾನಿ ಕರಡಿ ಕದ್ದೀ ಅಂತಾನ. ಸಾಹೇಬರಿಗೆ ಬೋಳು ಕರಡಿ ತೋರಿಸೂದೂ ತಪ್ಪತದ, ಕೂದಲದ ಕಳ್ಳೀನೂ ಸಿಕ್ಕಂಗಾತು."

"ಆಪಾ!" ಎಂದ ಬುಡ್ಡೇಸಾಬ, ಹೆದರಿ.

"ನೀ ಸುಮ್ನಿರೋ. ಅವರು ನನ್ನ ಮಾರಿ ನೋಡಿ ನಂಬಲಿಲ್ಲ. ನಾ ಹೆಂಗ ನಂಬಲಿ?"

ಪಾರ್ವತೆಮ್ಮನಿಗೆ ಸಿಟ್ಟು ಬಂತು. ಬಂದಷ್ಟೇ ಬೇಗ ಹೋಯಿತು. ತಾವು ಹುಲ್ಲಿನ ಕೋಣೆಯಲ್ಲಿ ಅಡಗಿ ಕೂತು ರಹಮಾನಸಾಬನ ಕೈ ನೋಡಿದ ರೀತಿಯಲ್ಲೇ ಇವಳು ಈಗ ತಮ್ಮ ಬಾಯನ್ನು ನೋಡುತ್ತಿದ್ದಾಳೆ.

"ಏನು ಮಾಡಿದ್ರ ನಂಬ್ತಿ?"

"ಬಾಗಿಲಾಗ ನಿಂತು, ಬಜಾರದ ಮಂದಿ ಮುಂದ ಹೇಳ್ರಿ. ನಾನ ಕೊಟ್ಟೀನಿ ಅಂತ. ಕೂದಲ ಯಾರೂ ಕದ್ದಿಲ್ಲ ಅಂತ."

ಹಾಗೆಂದರೆ ಸಿಂಹದಿಂದ ಕರಡಿ ಕೆಟ್ಟಿತೆಂದು ಊರಿಗೆಲ್ಲ ಸಾರಿದಂತೆ. ಹುಣ್ಣಿಮೆಗೆ ಮೊದಲೇ ಹೊಸ ಪ್ರಾಣಿಗೆ ಅಪಶಕುನದ ಹೆಸರು. ಪಾರ್ವತೆಮ್ಮ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಬಂಡಿ ಹತ್ತು," ಎಂದರು.

ಯಂಕೋಬ ಬಾಗಿಲಲ್ಲೇ ತಡೆದ. "ಅವ್ವಾರೆ, ಮಂದಿ ಬರೂದು ಕರಡಿ ಸಲುವಾಗಿ. ಬರೇ ಸಿಂಹ ಮಕ್ಕೊಂಡಿದ್ದನ್ನ ನೋಡಾಕ ಯಾರು ಬರ್ತಾರ? ಈಕಿ ಏನರ ಮಾಟಾ ಮಾಡ್ಯಾಳೇನ್ರಿ ನಿಮಗ?"

"ಮಂದೀನ್ನ ಕರಿ," ಎಂದರು ಪಾರ್ವತೆಮ್ಮ.

ಕಿರಾಣಿ ಅಂಗಡಿಯವರು, ಬಂಡಿಯವರು, ನೀರಿಗೆ ಹೊರಟ ಹೆಂಗಸರು ಸೇರಿದರು. ಪಾರ್ವತೆಮ್ಮ ಹೇಳಬೇಕಾದದ್ದನ್ನು ಹೇಳಿದರು. ಅವರ ದನಿ ಕೊನೆಯ ಸಾಲಿನವರಿಗೆ ಕೇಳಿಸಲಿಲ್ಲ. ರಾಜಾಬೀ ಕದಲದೆ ನಿಂತಿದ್ದಳು. ಅವರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು. ಗುಂಪಿನಲ್ಲಿ ಯಾರೋ, "ಇದರಾಗ ಏನೋ ಐತಿ," ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ರಾಜಾಬೀ ಒಳಗೆ ಹೋಗಿ ಪಂಜರದ ಮುಂದೆ ಕೂತು ಬೆರಳು ಚಾಚಿದಳು. ಮುನ್ನಿ ಮೂಲೆಯಿಂದ ತೆವಳುತ್ತ ಬಂತು. ಅಂಬಲಿಯ ಬೋಗುಣಿಯನ್ನು ನೆಕ್ಕಿ ಬರಿದು ಮಾಡಿತು. ಯಂಕೋಬನೇ ಹೋಗಿ ಇನ್ನೊಂದು ಬೋಗುಣಿ ತಂದಿಟ್ಟ. ಇಟ್ಟು, ಯಾರೂ ನೋಡಲಿಲ್ಲವೇನೋ ಎಂಬಂತೆ ಬೇರೆ ಕಡೆ ತಿರುಗಿದ.

ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು, ಸಿಂಹದ ಮನೆಯ ಪಕ್ಕದ್ದು. ಪರದೆ ತೆಳ್ಳನೆಯ ಗೋಣಿಯದು, ಗಾಳಿಗೆ ಹಾರುತ್ತಿತ್ತು. ಬೀಗ ತೆಗೆದ ಮೇಲೆ ರಾಜಾಬೀ ಹಿಡಿದ ಹಗ್ಗದ ಹಿಂದೆ ಹೊರಟ ಮುನ್ನಿ ಅರ್ಧ ದಾರಿಯಲ್ಲಿ ನಿಂತು ನಡುಗತೊಡಗಿತು. ಪಾರ್ವತೆಮ್ಮ ಮನೆಯಿಂದ ದೊಡ್ಡ ಜಮಖಾನೆ ತರಿಸಿದರು. ರಹಮಾನಸಾಬ ಒಂದು ತುದಿ ಹಿಡಿದ. ಇನ್ನೊಂದು ತುದಿಗೆ ಯಂಕೋಬ ಕೈ ಹಾಕಿದ್ದನ್ನು ಬಿಡಿಸಿ ಪಾರ್ವತೆಮ್ಮ ತಾವೇ ಹಿಡಿದರು.

ಅವರಿಬ್ಬರೂ ಜಮಖಾನೆಯನ್ನು ಗೋಡೆಯಂತೆ ಎತ್ತಿಕೊಂಡು ಸಿಂಹದ ಕಡೆಯಿಂದ ನಡೆದರು. ಒಳಮಗ್ಗುಲಲ್ಲಿ ರಾಜಾಬೀ ಮತ್ತು ಮುನ್ನಿ. ಒಳಗೆ ಸಿಂಹ ಮೈಮುರಿದು ಸರಳಿಗೆ ಉಜ್ಜಿದ ಸದ್ದು ಬಂತು. ಪಾರ್ವತೆಮ್ಮನ ತೋಳು ಸೋತು ಇಳಿಯಿತು.

ರಾಜಾಬೀ ಕರಡಿಯ ಕಡೆ ನೋಡುತ್ತಿರಲಿಲ್ಲ. ಅವಳ ಕಣ್ಣು ಪೂರ್ತಿ ದೊರೆಸಾನಿಯವರ ಕೈಯ ಮೇಲಿತ್ತು.

"ಮ್ಯಾಲೆ ಹಿಡೀರಿ," ಎಂದಳು. "ಆಕೀಗೆ ಕಾಣಾಕತ್ತೈತಿ."

ಪಾರ್ವತೆಮ್ಮ ಮೇಲೆ ಹಿಡಿದರು.