ಮಾದೇಶ ಕಾವು ಕೂತದ್ದು

ರೋಜಾಳ ಕೂಸು ಎಂಟು ತಿಂಗಳಿಗೇ ಹುಟ್ಟಿತು. ತೂಕ ಒಂದೂಮುಕ್ಕಾಲು ಕೇಜಿ. ಎರಡು ಅಂಗೈ ಜೋಡಿಸಿದರೆ ಅದರೊಳಗೇ ಹಿಡಿಯುವಷ್ಟು. ಅದು ಎರಡು ಸಾವಿರದ ಮೂರನೇ ಇಸವಿ ಮಾರ್ಗಶಿರ ಮಾಸ, ನಮ್ಮೂರು ಹದಿನಾರಿನಲ್ಲಿ ಬೆಳಿಗ್ಗೆ ಎಂಟಾದರೂ ಮಂಜು ಬಿಡುತ್ತಿರಲಿಲ್ಲ.

ರೋಜಾ ನನ್ನ ಮೈದುನನ ಮಗ ಮಾದೇಶನ ಹೆಂಡತಿ. ಮಾದೇಶನ ತಾಯಿ ಅವನಿಗೆ ಮೂರು ವರ್ಷವಿರುವಾಗಲೇ ತೀರಿಕೊಂಡಳು. ಆಮೇಲೆ ಅವನಿಗೆ ಉಣ್ಣಿಸಿ ಬೆಳೆಸಿದವಳು ನಾನು. ದೊಡ್ಡಮ್ಮ ಅನ್ನುತ್ತಾನೆ. ಅವನನ್ನು ನೋಡಿ ಇಡೀ ಬೀದಿಯೇ ಹಾಗೆ ಕರೆಯುತ್ತದೆ.

ಹೆರಿಗೆಯಾದ ಆರನೇ ದಿನ ರೋಜಾಗೆ ಜ್ವರ ಏರಿತು. ಅವಳನ್ನು ಮೈಸೂರಿನ ಆಸ್ಪತ್ರೆಯಲ್ಲಿ ಉಳಿಸಿಕೊಂಡು, ಜ್ವರ ಕೂಸಿಗೆ ತಗುಲಬಾರದೆಂದು ಕೂಸನ್ನು ನಮ್ಮ ಜೊತೆ ಕಳಿಸಿದರು. ಕಳಿಸುವಾಗ ಅಲ್ಲಿನ ನರ್ಸಮ್ಮ ಬಿಡಿಸಿ ಬಿಡಿಸಿ ಹೇಳಿದಳು. ಹಾಲನ್ನು ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಬೇಕು. ಕೂಸನ್ನು ಹಾಸಿಗೆಯ ಮೇಲೆ ಮಲಗಿಸದೆ ಬರಿ ಎದೆಗೆ ಆನಿಸಿಕೊಂಡು ಮೇಲೆ ಹೊದಿಸಬೇಕು. ಕೆಂಡ ಇಡುತ್ತೇವೆ, ಬಲ್ಬು ಉರಿಸುತ್ತೇವೆ ಎನ್ನಬೇಡಿ, ಮೈಯ ಬಿಸಿಯೇ ಬೇಕು. ಪಾದ ತಣ್ಣಗಾದರೆ ಕೂಸು ಸೋಲುತ್ತಿದೆ ಎಂದು ತಿಳಿಯಿರಿ.

ಪಕ್ಕದ ಮನೆಯ ಚನ್ನಾಜಮ್ಮನಿಗೆ ಐದು ತಿಂಗಳ ಮಗುವಿತ್ತು. ಹಾಲು ಅವಳು ಕೊಟ್ಟಳು, ಎದೆ ನಾನು ಕೊಟ್ಟೆ. ಎರಡು ದಿನ ಹಾಗೆ ನಡೆಯಿತು. ಮೂರನೆಯ ಬೆಳಿಗ್ಗೆ ನನಗೆ ಕೆಮ್ಮು ಹತ್ತಿತು. ಊರಿನ ನರ್ಸ್ ಪವಿತ್ರಾ ಬಂದು ನೋಡಿ, ಕೆಮ್ಮುವವರು ಕೂಸಿನ ಹತ್ತಿರವೂ ಸುಳಿಯಕೂಡದು ಎಂದಳು. ಚನ್ನಾಜಮ್ಮ ಕೂಲಿಗೂ ಹೋಗಬೇಕು, ತನ್ನ ಮಗುವನ್ನೂ ನೋಡಬೇಕು. ಉಳಿದವನು ಮಾದೇಶ ಒಬ್ಬನೇ.

ಮಾದೇಶ ತಿ. ನರಸೀಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು. ಭತ್ತದ ಮೂಟೆಯನ್ನು ಲಾರಿಗೆ ಎಸೆಯುವ ಆಳು ಕೂಸನ್ನು ನೋಡಿ ಗೋಡೆಗೆ ಒತ್ತಿಕೊಂಡು ನಿಂತ. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರ ಮೊದಲನೆಯ ಕೂಸು ಎಂಟನೇ ದಿನಕ್ಕೆ ಹೋಗಿತ್ತು. ಪುರುಡು ಕಳೆಯುವ ತನಕ, ಅಂದರೆ ಹನ್ನೊಂದು ದಿನ, ಗಂಡಸರು ಕೂಸನ್ನು ಮುಟ್ಟುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಹಾಗಾಗಿ ಅವನು ಅದನ್ನು ಮೊದಲ ಸಲ ಎತ್ತಿಕೊಂಡದ್ದು ಮಣ್ಣು ಮಾಡುವುದಕ್ಕೆ. ಈ ಕೂಸಿಗೆ ಅಂದು ಒಂಬತ್ತನೇ ದಿನ.

"ನಂದು ಗೋಣಿ ಇಡಿಯೋ ಕೈ ದೊಡ್ಡಮ್ಮ. ಮುಟ್ಟಿದ್ರೆ ಗೀರ್ಬುಡ್ತದೆ" ಅಂದ.

ಕೈ ಬೇಡ, ಎದೆ ಸಾಕು ಅಂದೆ. ಪುರುಡಿನ ಮಾತು ಎತ್ತಿದ. ಅದನ್ನು ಪಾಲಿಸಿ ಒಂದು ಸಲ ಏನಾಯಿತು ಎಂದು ಕೇಳಿದೆ. ಅಂಗಿ ಬಿಚ್ಚಿ, ಗೋಡೆಗೆ ಒರಗಿ ಕೂತ. ಚನ್ನಾಜಮ್ಮ ಕೂಸನ್ನು ಅವನ ಎದೆಯ ಮೇಲೆ ಕವುಚಿ ಮಲಗಿಸಿ ನನ್ನ ಹಳೆಯ ಸೀರೆಯಿಂದ ಕಟ್ಟಿದಳು. ಎಷ್ಟೋ ಹೊತ್ತು ಅವನು ಉಸಿರನ್ನೂ ಪೂರ್ತಿ ಎಳೆಯಲಿಲ್ಲ.

ಮಧ್ಯಾಹ್ನ ಚಲುವಯ್ಯ ಬಾಗಿಲಲ್ಲಿ ಇಣುಕಿದ. ಊರಿಗೆಲ್ಲ ತಮಾಷೆ ಹಂಚುವ ಮನುಷ್ಯ.

"ಏನ್ಲಾ ಮಾದೇಶ, ಕಾವು ಕೂತಿದ್ದೀಯಾ? ಎಷ್ಟು ಮೊಟ್ಟೆ ಮಡಗವ್ರೆ?"

ಹಿಂದೆ ನಿಂತಿದ್ದ ಇಬ್ಬರು ನಕ್ಕರು. ಮಾದೇಶನ ಕಿವಿ ಕೆಂಪಾಯಿತು. ಇವನು ಎದ್ದೇಬಿಡುತ್ತಾನೆ ಅನ್ನಿಸಿ ನಾನು ಅಟ್ಟದ ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದೆ. ಹಿಂದೆ ನಮ್ಮ ಜಗಲಿಯಲ್ಲಿ ರಾತ್ರಿ ಶಾಲೆ ನಡೆಯುತ್ತಿದ್ದಾಗ ಕೊಟ್ಟಿದ್ದ ಪೆಟ್ಟಿಗೆ ಅದು. ಶಾಲೆ ನಿಂತರೂ ಪುಸ್ತಕಗಳು ನನ್ನಲ್ಲೇ ಉಳಿದಿದ್ದವು. ಅದರಲ್ಲೊಂದು ಹಕ್ಕಿಗಳ ಪುಸ್ತಕ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಾಗಿಲ ಬಳಿ ದೂರದಲ್ಲಿ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ.

ಹಿಮದ ದೇಶದ ಪೆಂಗ್ವಿನ್ ಎಂಬ ಹಕ್ಕಿಯ ಪಾಠ. ಅಲ್ಲಿ ಹುಲ್ಲಿಲ್ಲ, ಮಣ್ಣಿಲ್ಲ, ಗೂಡು ಕಟ್ಟಲು ಒಂದು ಕಡ್ಡಿಯೂ ಇಲ್ಲ. ಹೆಣ್ಣು ಒಂದೇ ಒಂದು ಮೊಟ್ಟೆಯಿಟ್ಟು ಸಮುದ್ರಕ್ಕೆ ಹೋಗಿಬಿಡುತ್ತದೆ. ಗಂಡು ಅದನ್ನು ತನ್ನ ಪಾದದ ಮೇಲೆ ಇಟ್ಟುಕೊಂಡು ಹೊಟ್ಟೆಯ ಚರ್ಮದ ಮಡಿಕೆಯನ್ನು ಮೇಲೆ ಇಳಿಬಿಟ್ಟು ನಿಲ್ಲುತ್ತದೆ. ಮಂಜುಗಾಳಿಯಲ್ಲಿ ಗಂಡುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಹಾಗೇ ನಿಂತಿರುತ್ತವೆ.

ಚಲುವಯ್ಯ ನಗು ನಿಲ್ಲಿಸಿದ್ದ. ಮಾದೇಶ ತಲೆ ಎತ್ತಿ, ಅದಕ್ಕೆ ಹಾಗೆ ನಿಲ್ಲಲು ಕಲಿಸಿದವರು ಯಾರು ಎಂದು ಕೇಳಿದ. ಮುಂದಿನ ಸಾಲುಗಳಲ್ಲೇ ಉತ್ತರವಿತ್ತು. ಯಾರೂ ಕಲಿಸಲಿಲ್ಲ. ಬಹಳ ಹಿಂದೆ ಯಾವ ಹಕ್ಕಿಗಳ ಮಡಿಕೆ ಚಿಕ್ಕದಿತ್ತೋ ಅವುಗಳ ಮೊಟ್ಟೆ ಹೆಪ್ಪುಗಟ್ಟಿತು. ಮಡಿಕೆ ಚೆನ್ನಾಗಿದ್ದವುಗಳ ಮರಿ ಉಳಿಯಿತು, ಅಪ್ಪನ ಮೈಗುಣ ಮರಿಗೆ ಬಂತು, ಅದರ ಮರಿಗೂ ಬಂತು. ಸಾವಿರ ಸಾವಿರ ತಲೆಮಾರು ಹೀಗೆ ನಡೆದು ಇವತ್ತಿನ ಹಕ್ಕಿಯಾಯಿತು.

ಆ ಪುಟದ ಕಡೆಯ ಸಾಲು ಹೀಗಿತ್ತು: ಮರಿ ಹೊರಬರುವವರೆಗೆ, ಎರಡು ತಿಂಗಳಿಗೂ ಹೆಚ್ಚು ಕಾಲ, ಗಂಡು ಹಕ್ಕಿ ಏನನ್ನೂ ತಿನ್ನುವುದಿಲ್ಲ.

ಅಷ್ಟಕ್ಕೆ ಕೆಮ್ಮು ಒತ್ತರಿಸಿ ಬಂತು. ಪುಸ್ತಕ ಮುಚ್ಚಿದೆ.

ಸಂಜೆಗೆ ನನಗೂ ಜ್ವರ ಬಂದು ಹೊರಕೋಣೆಯಲ್ಲಿ ಮಲಗಿದವಳು ಮೂರು ದಿನ ಏಳಲಿಲ್ಲ. ಅಡುಗೆ ಚನ್ನಾಜಮ್ಮನದು. ಕೂಸಿಗೆ ಹಾಲು ಕುಡಿಸಿ, ಮಾದೇಶ ಹೊರಗೆ ಹೋಗಿ ಬರುವಷ್ಟು ಹೊತ್ತು ಎತ್ತಿಕೊಂಡು, ಅವನ ಮುಂದೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಪ್ರತಿ ಸಲವೂ ತಟ್ಟೆ ಖಾಲಿಯಾಗಿಯೇ ಇರುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಚನ್ನಾಜಮ್ಮ ನನ್ನನ್ನು ಎಬ್ಬಿಸಿದಳು. ಕೂಸು ಹಾಲು ಸರಿಯಾಗಿ ನುಂಗುತ್ತಿಲ್ಲ, ಪಾದ ತಣ್ಣಗಿದೆ ಎಂದಳು. ಮೂಗುಬಾಯಿಗೆ ಬಟ್ಟೆ ಬಿಗಿದು ಒಳಗೆ ಹೋಗಿ ಬೆರಳ ಹಿಂಬದಿಯಿಂದ ಪಾದ ಮುಟ್ಟಿದೆ. ನಿಜ, ತಣ್ಣಗಿತ್ತು. ಮಾದೇಶನ ಹೆಗಲು ಮುಟ್ಟಿದೆ. ಅದೂ ತಣ್ಣಗೇ ಇತ್ತು. ತುಟಿ ಒಡೆದಿತ್ತು. ಪವಿತ್ರಾಳನ್ನು ಕರೆಯಲು ಚನ್ನಾಜಮ್ಮನನ್ನು ಓಡಿಸಿ, ಕೂಸಿನ ಮೇಲೆ ಇನ್ನೊಂದು ಕಂಬಳಿ ಹೊದಿಸಿದೆ. ಕಿಟಕಿಯ ಕೆಳಗೆ ಬೀದಿನಾಯಿ ಹೊಟ್ಟೆ ಊದಿಸಿಕೊಂಡು ಮಲಗಿತ್ತು. ಮೂರು ದಿನದ ಮುದ್ದೆ ಎಲ್ಲಿಗೆ ಹೋಯಿತೆಂದು ಆಗ ಗೊತ್ತಾಯಿತು.

"ಯಾಕ್ಲಾ ಮಗ?"

"ಆ ಗಂಡು ಅಕ್ಕಿ ಉಣ್ಣಾಕಿಲ್ಲ ಅಂತ ನೀನೇ ಓದ್ದಲ್ಲ. ಒಟ್ಟೆ ಕಟ್ಟಿ ಮರಿ ಉಳಿಸ್ಕತದೆ." ಕೂಸನ್ನು ಇನ್ನಷ್ಟು ತಬ್ಬಿಕೊಂಡ. "ಮೊದಲ್ನೇದಕ್ಕೆ ನಾ ಏನೂ ಮಾಡ್ನಿಲ್ಲ ದೊಡ್ಡಮ್ಮ."

ನಂಜನಗೂಡಿನ ದೇವರಿಗೆಂದು ಸೋಮವಾರ ಒಪ್ಪೊತ್ತು ಉಣ್ಣುವ ಜನ ನಾವು. ಉಪವಾಸ ಮಾಡಿದರೆ ಕೇಳಿದ್ದು ಸಿಗುತ್ತದೆ ಎಂದು ಅವನಿಗೆ ಹೇಳಿಕೊಟ್ಟವಳೂ ನಾನೇ. ಬಯ್ಯಲು ಬಾಯಿ ಬರಲಿಲ್ಲ. ಪುಸ್ತಕ ತಂದು, ನಾನು ಮುಟ್ಟದೇ ಬಿಟ್ಟಿದ್ದ ಮುಂದಿನ ಪುಟ ತೆರೆದೆ. ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ.

ಸಮುದ್ರದಲ್ಲಿ ತಿಂಗಳುಗಟ್ಟಲೆ ಮೀನು ತಿಂದು, ಚರ್ಮದ ಕೆಳಗೆ ದಪ್ಪ ಕೊಬ್ಬು ತುಂಬಿಕೊಂಡು ಆ ಹಕ್ಕಿ ಬರುತ್ತದೆ. ಕಾವು ಕೂತಷ್ಟು ದಿನವೂ ಒಲೆಗೆ ಸೌದೆ ಒಡ್ಡಿದಂತೆ ಆ ಕೊಬ್ಬೇ ಉರಿಯುತ್ತದೆ. ಹಿಂದಿನ ಕಾಲದಲ್ಲಿ ಕೊಬ್ಬು ಸಾಲದ ಹಕ್ಕಿಗಳು ಅರ್ಧದಲ್ಲೇ ಮೊಟ್ಟೆ ಬಿಟ್ಟು ಹಸಿವಿಗೆ ಓಡಿದವು. ಅವುಗಳ ಮರಿ ಉಳಿಯಲಿಲ್ಲ. ಕೊಬ್ಬು ಕೂಡಿಡುವ ಮೈಯವುಗಳ ವಂಶ ಮಾತ್ರ ಉಳಿಯಿತು. ಇದನ್ನು ಎರಡು ಸಲ ಓದಿದೆ.

"ಕೇಳಿದ್ಯಾ? ಅದು ಉಪಾಸ ಇರಕ್ಕೆ ಅದರ ತಾತ ಮುತ್ತಾತ ಕೊಬ್ಬು ಬುಟ್ಟೋಗವ್ರೆ. ನಿಮ್ ತಾತ ನಿಂಗೇನ್ ಬುಟ್ಟೋದ?"

ಮಾದೇಶ ನಿಜವಾಗಿಯೂ ಯೋಚಿಸಿದ. "ಮೂಟೆ ಓರೋ ಬೆನ್ನು."

"ನಮ್ಮೋರೂ ಉಪಾಸ ಇದ್ರು ಕಣ್ ಮಗ. ಹರಕೆಗಲ್ಲ, ಕೂಳಿಲ್ದೆ. ಅದ್ರಿಂದ ಯಾರ ಮಕ್ಕಳೂ ಉಳೀನಿಲ್ಲ. ಉಂಡ್ರೇ ಬಿಸಿಯಾಗೋ ಮೈ ನಿಂದು. ಉಣ್ಣು."

ಎರಡು ಕೈಯಲ್ಲೂ ಕೂಸನ್ನು ತಬ್ಬಿಕೊಂಡಿದ್ದ, ಬಿಡಲು ಒಪ್ಪಲಿಲ್ಲ. ಮೊದಲು ಬಿಸಿ ಸಾರಿಗೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿದೆ. ಆಮೇಲೆ ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಟ್ಟೆ. ಮೊದಲ ತುತ್ತನ್ನು ನೀರು ಕೊಟ್ಟು ನುಂಗಿಸಿದೆ. ಮೂರನೆಯದಕ್ಕೆ ತಾನೇ ಬಾಯಿ ತೆರೆದ. ಅರ್ಧ ಮುದ್ದೆಯಾಗುವಾಗ ಪವಿತ್ರಾ ಬಂದಳು. ಥರ್ಮಾಮೀಟರನ್ನು ಕೂಸಿನ ಕಂಕುಳಲ್ಲಿಟ್ಟು ನೋಡಿ, ಅರ್ಧ ಗಂಟೆ ಕಾಯೋಣ, ಏರದಿದ್ದರೆ ಆಟೋ ಹಿಡಿದು ಮೈಸೂರಿಗೆ ಹೊರಟುಬಿಡೋಣ ಎಂದಳು. ನಾನು ತುತ್ತು ಕೊಡುತ್ತಲೇ ಇದ್ದೆ.

ಅವನ ಹಣೆಯ ಮೇಲೆ ಬೆವರು ಮೂಡಿತು. ಪವಿತ್ರಾ ಇನ್ನೊಮ್ಮೆ ಥರ್ಮಾಮೀಟರ್ ಇಟ್ಟಳು, ಬೆಳಕಿಗೆ ಹಿಡಿದು ನೋಡಿದಳು. ಪಾದ ಮುಟ್ಟಿ, ನನಗೂ ಮುಟ್ಟು ಎಂದು ಸನ್ನೆ ಮಾಡಿದಳು. ಬೆರಳ ಸಂದಿಯವರೆಗೂ ಬಿಸಿ ಇಳಿದಿತ್ತು. ಒಳಲೆ ತುಟಿಗೆ ತಾಗಿಸಿದರೆ ಕೂಸು ಚಪ್ಪರಿಸಿ ನುಂಗಿತು.

ರೋಜಾಳ ಜ್ವರ ಇಳಿದಿದೆಯಂತೆ, ಇನ್ನೊಂದು ವಾರಕ್ಕೆ ಕಳಿಸುತ್ತಾರಂತೆ, ಅಲ್ಲಿಯ ತನಕ ಹೀಗೇ ಕೂರುತ್ತೀಯಾ ಎಂದು ಪವಿತ್ರಾ ಅವನನ್ನು ಕೇಳಿದಳು.

"ಕೂತ್ಕತೀನಿ ಸಿಸ್ಟ್ರೇ. ಊಟ ಮಾತ್ರ ಟೈಮ್‌ಗೆ ಕೊಟ್ಬುಡಿ" ಅಂದ ಮಾದೇಶ, ಗಲ್ಲದ ಮೇಲೆಲ್ಲ ಸಾರು ಸುರಿಸಿಕೊಂಡು.

ಇನ್ನರ್ಧ ಮುದ್ದೆಯನ್ನೂ ಮುಗಿಸಿ ದೊಡ್ಡದಾಗಿ ತೇಗಿದ. ಆ ತೇಗಿಗೆ ಎದೆಯ ಮೇಲಿದ್ದ ಕೂಸು ಒಮ್ಮೆ ಮೇಲೆದ್ದು ಇಳಿಯಿತು. ಕಣ್ಣು ಮಾತ್ರ ಬಿಡಲಿಲ್ಲ.