ಬಲಗಡೆಯ ಸೀಟು

"ಹೂಂ, ಒಟ್ಟಿಗೆ ತಳ್ರೋ! ಇನ್ನೊಂದ್ಸಲ!"

ಐದಾರು ಮಂದಿ ಹೆಗಲು ಕೊಟ್ಟು ತಳ್ಳಿದರು. ಜೀಪು ಜಗ್ಗಲಿಲ್ಲ. ಅಂಗಳದಲ್ಲಿ ಅದು ನಿಂತಿದ್ದ ಜಾಗದಲ್ಲೇ ಶಾಮಿಯಾನ ಹಾಕಬೇಕು, ಅಲ್ಲೇ ಆವಲಪ್ಪನ ಹೆಣವಿಟ್ಟು ಸ್ನಾನ ಮಾಡಿಸಬೇಕು, ಬಂದವರಿಗೂ ಅಲ್ಲೇ ಕೂರಲು ಜಾಗವಾಗಬೇಕು. ಯಜಮಾನ ನಸುಕಿಗೇ ಹೊರಟುಬಿಟ್ಟಿದ್ದ. ಅವನ ಗಾಡಿ ಮಾತ್ರ ಒಂದು ಗೇಣೂ ಸರಿಯಲು ಒಪ್ಪಲಿಲ್ಲ.

"ಅವನಂಗೇ ಹಟ ಕಣ್ರೋ ಇದಕ್ಕೂ," ಎಂದು ಪಕ್ಕದ ಮನೆಯ ಬಯ್ಯಪ್ಪ ಬೆವರೊರೆಸಿಕೊಂಡ.

ಪಡಸಾಲೆಯಲ್ಲಿ ಗಂಡನ ತಲೆಯ ಬಳಿ ಕೂತು ಅಳುತ್ತಿದ್ದ ಅಕ್ಕಯ್ಯಮ್ಮ ತಟ್ಟನೆ ಅಳು ನಿಲ್ಲಿಸಿದಳು.

"ಗೇರಲ್ಲೈತೆ ಕಣ್ರೋ! ಹ್ಯಾಂಡ್‌ಬ್ರೇಕ್ ನಂಬ್ತಿರ್ಲಿಲ್ಲ ಅವ್ರು, ಮೊದಲ್ನೇ ಗೇರಿಗೆ ಹಾಕೇ ಇಳೀತಿದ್ದಿದ್ದು. ನ್ಯೂಟ್ರಲ್ ಮಾಡಿ ತಳ್ರಿ!"

ಹೇಳಿ ಮುಗಿಸಿ, ಬಿಟ್ಟ ಕಡೆಯಿಂದಲೇ ಅಳು ಹಿಡಿದಳು. ಸುತ್ತ ಕೂತ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಜೀಪು ಕಂಡರೆ ಅಕ್ಕಯ್ಯಮ್ಮನಿಗೆ ಆಗದು ಎಂಬುದು ಕಳವಾರದಲ್ಲಿ ಎಳೆ ಮಕ್ಕಳಿಗೂ ಗೊತ್ತಿದ್ದ ಮಾತು. "ಈ ಪೀಡೆ ಯಾವತ್ತು ತೊಲಗುತ್ತೋ" ಎಂದು ಹೇಳದೆ ಅವಳು ಅದರ ಪಕ್ಕ ಹಾದುಹೋದದ್ದೇ ಇಲ್ಲ.

ಜೀಪು ಹೊರಳಿ ಹುಣಸೆಮರದ ಕೆಳಗೆ ಹೋಗಿ ನಿಂತಿತು. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್. ಬೆಂಗಳೂರಿನಲ್ಲಿ ಮಿಲಿಟರಿಯವರು ಹರಾಜು ಹಾಕಿದಾಗ ಆವಲಪ್ಪ ಒಂದು ವರ್ಷದ ಆಲೂಗಡ್ಡೆ ಬೆಳೆಯನ್ನು ಅದಕ್ಕೆ ಸುರಿದಿದ್ದ. ಅದರಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಬಾಗಿಲಿಲ್ಲ, ಕಿಟಕಿಯಿಲ್ಲ, ಗಟ್ಟಿ ಚಾವಣಿಯಿಲ್ಲ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಿ ಮಲಗಿಸಿದರೆ ಗಾಳಿಗೂ ಮುಖಕ್ಕೂ ನಡುವೆ ಏನೇನೂ ಇಲ್ಲ. ಆದರೆ ಲಾರಿಗಳು ಕೈಚೆಲ್ಲಿದ ಕಡೆ, ಎತ್ತುಗಳು ಮಂಡಿಯೂರಿದ ಕಡೆ, ಅದು ನಾಲ್ಕೂ ಚಕ್ರಕ್ಕೆ ಜೀವ ತಂದುಕೊಂಡು ಗುರುಗುಟ್ಟುತ್ತ ಹತ್ತುತ್ತಿತ್ತು. ಇಂಥ ಗಾಡಿಯನ್ನು ಯಾರು ತಾನೇ ಮೆಚ್ಚುವುದಿಲ್ಲ? ಅದರ ಬಲಗಡೆ ಸೀಟಿನಲ್ಲಿ ಮೂವತ್ತು ವರ್ಷ ಕೂತು ಸೊಂಟ ಹಾಳುಮಾಡಿಕೊಂಡವರು ಮೆಚ್ಚುವುದಿಲ್ಲ, ಅಷ್ಟೆ.

*

ಬಲಗಡೆ ಸೀಟು ಎಂದರೆ ನಮ್ಮ ಕಡೆ ಡ್ರೈವರು ಕೂರುವ ಜಾಗ. ಆವಲಪ್ಪನ ಜೀಪಿಗೆ ಸ್ಟೇರಿಂಗ್ ಎಡಗಡೆಗಿತ್ತು, ಪರದೇಶದ ಗಾಡಿ. ಹಾಗಾಗಿ ಎದುರಿನಿಂದ ಬರುವವರಿಗೆ ಮೊದಲು ಕಾಣುತ್ತಿದ್ದದ್ದು ಬಲಗಡೆ ಕೂತ ಅಕ್ಕಯ್ಯಮ್ಮ. ಮಡಿಲಲ್ಲಿ ರೇಷ್ಮೆಗೂಡಿನ ಬುಟ್ಟಿ, ಎರಡೂ ಕೈಯಲ್ಲಿ ಬುಟ್ಟಿಯ ಅಂಚು, ಎದುರಿಗೆ ಸ್ಟೇರಿಂಗೇ ಇಲ್ಲ, ಆದರೂ ಗಾಡಿ ಓಡುತ್ತಿದೆ!

೧೯೮೪ರಲ್ಲಿ ಶಿಡ್ಲಘಟ್ಟದ ವೃತ್ತದಲ್ಲಿ ಹೊಸದಾಗಿ ಬಂದಿದ್ದ ಪೇದೆಯೊಬ್ಬ ಜೀಪಿಗೆ ಕೈ ಅಡ್ಡ ಹಿಡಿದ. ನೇರ ಬಲಗಡೆಗೆ ಬಂದು, "ಲೈಸೆನ್ಸ್ ತೋರ್ಸಮ್ಮ," ಎಂದ.

ಅಕ್ಕಯ್ಯಮ್ಮ ಮಿಕಿಮಿಕಿ ನೋಡಿದಳು. ಆಮೇಲೆ ಎಡಗಡೆಗೆ ಗಲ್ಲ ತೋರಿಸಿ, "ಮದುವೆ ಆದಾಗಿಂದ ನನಗೆ ಇವ್ರೇ ಲೈಸೆನ್ಸು. ಏನಿದ್ರೂ ಅವ್ರನ್ನೇ ಕೇಳಪ್ಪ," ಎಂದಳು.

ವೃತ್ತದಲ್ಲಿದ್ದವರೆಲ್ಲ ನಕ್ಕರು. ನಗದೆ ನಿಂತವನು ಒಬ್ಬನೇ: ಮುಖ್ತಾರ್, ಗೂಡು ಕೊಂಡು ನೂಲು ತೆಗೆಸುವ ರೀಲರ್ ಮನೆತನದ ಹುಡುಗ. ಅವನ ಕಣ್ಣು ಜೀಪಿನ ಮೂತಿಯ ಮೇಲಿತ್ತು. ತಗಡಿನಲ್ಲಿ ಉದ್ದುದ್ದ ಸೀಳು ಎಣಿಸಿದ, ಒಂಬತ್ತು. ಯುದ್ಧ ಮುಗಿದ ಮೇಲೆ ಬಂದ ಜೀಪುಗಳಿಗೆಲ್ಲ ಏಳು. ಹಳೆಯ ಜೀಪು ಹುಡುಕಿ ಕೂಡಿಡುವುದು ಅವನಿಗೆ ಅಂಟಿದ್ದ ಹುಚ್ಚು. ಕಾರ್ಖಾನೆಯ ಹಿತ್ತಿಲಲ್ಲಿ ಆಗಲೇ ಮೂರು ನಿಂತಿದ್ದವು, ಒಂದಕ್ಕೂ ಒಂಬತ್ತು ಸೀಳಿರಲಿಲ್ಲ. ಅವನು ಗೂಡಿನ ಮಾರುಕಟ್ಟೆಯವರೆಗೂ ಜೀಪಿನ ಹಿಂದೆಯೇ ನಡೆದುಕೊಂಡು ಹೋದ.

ಅವತ್ತು ಶುರುವಾದದ್ದು ಹನ್ನೆರಡು ವರ್ಷ ನಡೆಯಿತು. ಮುಖ್ತಾರ್ ಬರುವುದು, ಕೇಳುವುದು. ಅವನ ಹಿಂದೆ ಸುದ್ದಿ ಹರಡಿ ಬೆಂಗಳೂರಿನವರೂ ಬಂದರು, ಕ್ಯಾಮೆರಾ ತಂದರು, ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡಿದರು. ಆವಲಪ್ಪ ಎಲ್ಲರಿಗೂ ಮುದ್ದೆ ಊಟ ಹಾಕಿಸುತ್ತಿದ್ದ, ಕೆರೆ ಏರಿಯವರೆಗೆ ಓಡಿಸಲು ಬಿಡುತ್ತಿದ್ದ. ಹೆಡ್‌ಲೈಟನ್ನು ಕಳಚಿ ಹಿಂದಕ್ಕೆ ಹೊರಳಿಸಿ ಎಂಜಿನ್ನಿನ ಮೇಲೆ ಬೆಳಕು ಬೀಳುವಂತೆ ಮಾಡಿ, "ತನ್ನ ಹೊಟ್ಟೆ ತಾನೇ ನೋಡ್ಕೊಳ್ಳೋ ಗಾಡಿ ಇನ್ನೊಂದೈತಾ?" ಎಂದು ಹಿಗ್ಗುತ್ತಿದ್ದ. ಕೊಡುತ್ತೀಯಾ ಎಂದರೆ ಮಾತ್ರ ಒಂದೇ ಉತ್ತರ: "ನಾನ್ ಸತ್ತ ಮೇಲೆ ಬನ್ನಿ."

*

ಹನ್ನೊಂದು ಗಂಟೆಯ ಹೊತ್ತಿಗೆ ಮುಖ್ತಾರ್ ಬಂದ. ಸ್ಕೂಟರ್ ನಿಲ್ಲಿಸಿ, ಕೈಯಲ್ಲಿ ಹಾರ ಹಿಡಿದು ಶಾಮಿಯಾನದೊಳಗೆ ಕಾಲಿಟ್ಟ. ಮಾತಾಡುತ್ತಿದ್ದವರು ಅವನ ಕಡೆ ತಿರುಗಿದರು.

"ಬಂದ ನೋಡು," ಬಯ್ಯಪ್ಪ ಪಕ್ಕದವನ ಕಿವಿಯಲ್ಲಿ ಹೇಳಿದ. "ಸತ್ತ ಮೇಲೆ ಬಾ ಅಂದಿದ್ದ. ಎತ್ತೋದ್ರೊಳಗೇ ಬಂದವ್ನೆ."

ಮುಖ್ತಾರನಿಗೆ ಕೇಳಿಸಿರಬೇಕು. ಮುಖ ಕೆಂಪಗಾಯಿತು. ಹಾರ ಹಾಕಿ, ಕಣ್ಣು ಮುಚ್ಚಿ ನಿಂತ. ತೊಂಡೇಬಾವಿಯಿಂದ ಬಂದಿದ್ದ ಆವಲಪ್ಪನ ಅಕ್ಕ ಮುನಿಶಾಮಮ್ಮ ಅವನನ್ನು ಕಂಡದ್ದೇ ಹೊಸ ಅಳು ತೆಗೆದಳು: "ಅಯ್ಯೋ ನಾ ತಮ್ಮುಡಾ! ನಿನ್ ಜೀಪು ನೋಡೋಕೆ ಬರೋರೆಲ್ಲ ಬಂದವ್ರಲ್ಲೋ, ಓಡ್ಸಿ ತೋರ್ಸೋನು ನೀನೇ ಮಲಗ್ಬಿಟ್ಯಲ್ಲೋ!"

ಅಲ್ಲಿದ್ದವರಲ್ಲಿ ಆ ಜೀಪು ಹತ್ತದವರು ಯಾರೂ ಇರಲಿಲ್ಲ. ಬಯ್ಯಪ್ಪನೇ ಹೇಳಿದ: "ನನ್ ಮಗಳು ಹೆರಿಗೆ ನೋವಲ್ಲಿ ಒದ್ದಾಡ್ತಿದ್ಳು. ಹಳ್ಳ ತುಂಬಿ ಹರೀತಿತ್ತು. ಗಾಡಿ ಹೊರಡ್ಸು ಅಂದ್ರೆ, 'ನೀನ್ ಹತ್ತು, ಹಳ್ಳದ ಮಾತು ನಾನೂ ಇದೂ ನೋಡ್ಕೋತೀವಿ' ಅಂದ. ನೀರು ನಮ್ ಪಾದಕ್ಕೆ ಬಂದಿತ್ತಪ್ಪ. ಇವ್ನು ಬೀಡಿ ಕೂಡ ಬಾಯಿಂದ ತೆಗೀಲಿಲ್ಲ."

ಹೆಗಲ ಮೇಲಿನ ಟವೆಲಿನಿಂದ ಮುಖ ಉಜ್ಜಿಕೊಂಡ.

ಆವಲಪ್ಪನ ಮಗ ವೆಂಕಟರವಣಪ್ಪ ಮುಖ್ತಾರನನ್ನು ಹುಣಸೆಮರದ ಕಡೆಗೆ ಕರೆದೊಯ್ದ. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತ, ಮಾತು ಕಡಿಮೆ, ತಾಯಿಯ ಮೇಲೆ ಪ್ರಾಣ ಇಟ್ಟವನು.

"ಸಾಬ್ರೇ, ಗಾಡಿ ತಗೊಂಡ್ ಹೋಗ್ಬಿಡಿ. ನನಗೆ ಓಡ್ಸೋಕೆ ಬರಲ್ಲ. ಅಮ್ಮಂಗೆ ಇದು ಕಣ್ಣಿಗೆ ಬಿದ್ರೆ ಆಗಲ್ಲ, ಗೊತ್ತಲ್ಲ. ಇನ್ನಾದ್ರೂ ನೆಮ್ಮದಿಯಾಗಿರ್ಲಿ."

"ನಾನು ಮುಖ ನೋಡೋಕೆ ಬಂದಿದ್ದು ಕಣಪ್ಪ." ಮುಖ್ತಾರ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. "ಸುಳ್ಳು ಯಾಕೆ ಹೇಳ್ಲಿ, ಒಳಗೆ ಬರ್ತಾ ಕಣ್ಣು ಇದ್ರ ಕಡೇಗೂ ಹೋಯ್ತು. ಅಕ್ಕ ಒಪ್ಪಿದ್ರೆ ಮಾತ್ರ. ಅವ್ರ ಬಾಯಲ್ಲಿ ಬರ್ಬೇಕು."

ಮಧ್ಯಾಹ್ನ ಚಟ್ಟ ಎತ್ತಿದರು. ಹೆಂಗಸರು ಊರ ಬಾಗಿಲವರೆಗೆ ಬಂದು ನಿಂತರು. ಆವಲಪ್ಪನ ಹೊಲ ಬೆಟ್ಟದ ಬುಡದಲ್ಲಿ, ಕಲ್ಲುದಾರಿ. ಅರ್ಧ ದಾರಿಯಲ್ಲಿ ಬಯ್ಯಪ್ಪ ಹಿಂದಿರುಗಿ ನೋಡಿ, ತನ್ನ ಹೆಗಲು ತಗ್ಗಿಸಿ, "ಬನ್ನಿ ಸಾಬ್ರೇ, ಒಂದಷ್ಟು ದೂರ ನೀವೂ ಕೊಡಿ," ಎಂದ. ಮುಖ್ತಾರ್ ಓಡಿ ಬಂದು ಹೆಗಲು ಕೊಟ್ಟ.

*

ಆವಲಪ್ಪನ ತಾಯಿ ಬಹಳ ವರ್ಷ ಬದುಕಿದ್ದಳು. ಆಕೆಯ ಜಾಗ ಹೊಸ್ತಿಲ ಪಕ್ಕ. ಅತ್ತೆಯ ಎದುರಿಗೆ ಗಂಡನ ಜೊತೆ ಸೊಸೆ ಮಾತಾಡುವುದು ಆ ಮನೆಯಲ್ಲಿ ಸಲ್ಲದ ಕೆಲಸ. ಅತ್ತೆ ಮಲಗಿದರೆ ಆಳುಗಳಿದ್ದರು, ಆಳುಗಳು ಹೋದರೆ ನೆಂಟರು, ನೆಂಟರಿಲ್ಲದಿದ್ದರೆ ರೇಷ್ಮೆಹುಳು. ಹುಳಕ್ಕೆ ಹಗಲಿಲ್ಲ ರಾತ್ರಿಯಿಲ್ಲ, ಸೊಪ್ಪು ಬೇಕು; ಪೊರೆ ಕಳಚುವ ಜ್ವರ ಮುಗಿಸಿ ಎದ್ದಾಗಂತೂ ಇನ್ನೂ ಹೆಚ್ಚು.

ಅಕ್ಕಯ್ಯಮ್ಮ ಬಾಯಿ ಬಿಡುತ್ತಿದ್ದದ್ದು ಜೀಪು ಊರು ದಾಟಿದ ಮೇಲೆ. ಕಳವಾರದಿಂದ ಶಿಡ್ಲಘಟ್ಟದವರೆಗೂ ಕೂಗುತ್ತಿದ್ದಳು. ಕೂಗದಿದ್ದರೆ ಆ ಎಂಜಿನ್ನಿನ ಅಬ್ಬರದಲ್ಲಿ ಅವಳ ಮಾತು ಅವಳಿಗೇ ಕೇಳಿಸುತ್ತಿರಲಿಲ್ಲ. ಸೊಂಟ ಮುರೀತು, ಗೂಡು ನಲುಗಿತು, ನಿಮ್ಮಮ್ಮ ಹೀಗಂದರು, ಈ ಪೀಡೆ ಮಾರಿ ಒಂದು ಎಮ್ಮೆ ಕಟ್ಟಬಾರದೇ. ಆವಲಪ್ಪ ತಲೆ ತಿರುಗಿಸದೆ, ಬೀಡಿ ಕಚ್ಚಿಕೊಂಡು, ದಾರಿ ನೋಡುತ್ತ ಓಡಿಸುತ್ತಿದ್ದ. ಕಲ್ಲಿಗೆ ಹೇಳಿದರೂ ಒಂದೇ ಇವರಿಗೆ ಹೇಳಿದರೂ ಒಂದೇ ಎಂದುಕೊಂಡು ಅವಳು ಮನಸ್ಸಿನಲ್ಲಿದ್ದದ್ದನ್ನೆಲ್ಲ ಖಾಲಿ ಮಾಡಿಬಿಡುತ್ತಿದ್ದಳು.

*

ಮಣ್ಣು ಮಾಡಿ ಬಂದವರು ಕಾಲು ತೊಳೆದು, ಹೆಣವಿಟ್ಟ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿ ಕೂತರು. ವೆಂಕಟರವಣಪ್ಪ ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಅಮ್ಮ, ಜೀಪು ಸಾಬ್ರಿಗೆ ಕೊಟ್ಬಿಡಣ. ನೀನೊಂದು ಮಾತು ಹೇಳು."

ಅಕ್ಕಯ್ಯಮ್ಮ ಗೋಡೆಗೆ ಒರಗಿದ್ದಳು. ತಲೆಯೆತ್ತಲಿಲ್ಲ. "ತಗೊಂಡ್ ಹೋಗ್ಲಿ. ನೋಡೋಕಾಗ್ತಿಲ್ಲ ನನ್ ಕೈಲಿ. ಅಷ್ಟು ವರ್ಷ ನಾನೂ ಬಾಯಿ ಬಡ್ಕೊಂಡೆ, ನನ್ ಮಾತು ಒಂದು ದಿವಸ ಕಿವಿಗೆ ಹಾಕ್ಕೊಂಡಿದ್ರೆ ಕೇಳು ಆ ಮನುಷ್ಯ. ಜೀಪಿನ ಸದ್ದು ಕೇಳ್ತಿತ್ತು, ನನ್ ಸದ್ದು ಕೇಳ್ತಿರ್ಲಿಲ್ಲ."

ಮಗ ಕೀ ತಂದು ಕೊಟ್ಟ. ಮುಖ್ತಾರ್ ಹುಣಸೆಮರದ ಕೆಳಗೆ ಹೋಗಿ ಜೀಪಿನಲ್ಲಿ ಕೂತ. ಹನ್ನೆರಡು ವರ್ಷ ಕನಸು ಕಂಡದ್ದು ಈಗ ಅವನ ಕೈಯಲ್ಲಿತ್ತು. ಎಲ್ಲರೂ ಎಂಜಿನ್ ಶಬ್ದಕ್ಕೆ ಕಾದರು. ಶಬ್ದ ಬರಲಿಲ್ಲ. ಅವನು ಇಳಿದು ಬಂದು, ಚಪ್ಪಲಿ ಬಿಟ್ಟು, ಪಡಸಾಲೆಯ ಮೆಟ್ಟಿಲ ಮೇಲೆ ನಿಂತ.

"ಅಕ್ಕ, ಒಂದು ಮಾತು ಹೇಳ್ದೆ ತಗೊಂಡ್ ಹೋದ್ರೆ ಅದು ಹರಾಮ್ ಆಗುತ್ತೆ. ಹೇಳಿದ ಮೇಲೆ ನೀವು ಕೊಡ್ತೀರೋ ಇಲ್ವೋ, ನಿಮ್ಮಿಷ್ಟ."

ಅಕ್ಕಯ್ಯಮ್ಮ ಅವನ ಕಡೆ ನೋಡಿದಳು.

"ಐದು ವರ್ಷದ ಹಿಂದೆ ಅಣ್ಣ ನನಗೆ ಗಾಡಿ ಓಡ್ಸೋಕೆ ಕೊಟ್ಟು, ಮಂಚೇನಹಳ್ಳಿಗೆ ಹೋಗಿ ಬರಣ ಬಾ ಅಂದ್ರು. ನಿಮ್ಮ ತವರಿಗೆ. ನಾನ್ ಬಾಗಿಲಲ್ಲಿ ನಿಂತಿದ್ದೆ. ನಿಮ್ಮ ತಮ್ಮನಿಗೆ ಹೇಳಿದ್ರು, 'ಅಪ್ಪ ಅಮ್ಮ ಹೋದ್ಮೇಲೆ ನಿಮ್ಮಕ್ಕಂಗೆ ತವರು ಇಲ್ದಂಗಾಗೈತೆ ಕಣಪ್ಪ. ಗೌರಿ ಹಬ್ಬಕ್ಕೆ ಬಾಗಿನ ತಗೊಂಡ್ ಬಾ. ನಾನ್ ಬಂದಿದ್ದೆ ಅಂತ ಮಾತ್ರ ಬಾಯಿ ಬಿಡ್ಬೇಡ' ಅಂತ."

ಆ ವರ್ಷದಿಂದ ತಮ್ಮ ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ತಂದಿದ್ದ. ತಮ್ಮನಿಗೆ ತಾನಾಗೇ ನೆನಪಾಯಿತು ಎಂದು ಅಕ್ಕಯ್ಯಮ್ಮ ಮೊರವನ್ನು ಬೀದಿಗೆಲ್ಲ ತೋರಿಸಿ ಬಂದಿದ್ದಳು. ತವರಿನ ಆ ಸಂಕಟವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಜೀಪಿನಲ್ಲಿ, ಅಳುತ್ತ, ಎಂಜಿನ್ನಿನ ಅಬ್ಬರದ ನಡುವೆ.

"ಬರೋವಾಗ ನಾನೇ ಕೇಳ್ದೆ," ಎಂದ ಮುಖ್ತಾರ್. "'ಅಣ್ಣ, ಅಕ್ಕಂಗೂ ಇಷ್ಟ ಇಲ್ಲ, ಯಾಕೆ ಇಟ್ಕೊಂಡಿದ್ದೀರ ಇದನ್ನ' ಅಂತ. ನಕ್ರು. 'ಮನೇಲಿ ಅವಳು ನನ್ ಜೊತೆ ತುಟಿ ಬಿಚ್ಚಲ್ಲ ಕಣಪ್ಪ. ಇದ್ರಲ್ಲಿ ಕೂತ್ರೆ ನನಗೆ ಕೇಳಲ್ಲ ಅಂದ್ಕೊಂಡು ಎಲ್ಲಾ ಹೇಳ್ತಾಳೆ. ನನಗೆ ಒಂದೊಂದು ಮಾತೂ ಕೇಳ್ತದೆ. ಕೇಳ್ತದೆ ಅಂತ ಗೊತ್ತಾದ್ರೆ ಎಲ್ಲಿ ನಿಲ್ಲಿಸ್ಬಿಡ್ತಾಳೋ ಅಂತ ತಿರುಗಿ ನೋಡಲ್ಲ' ಅಂದ್ರು."

ಅಕ್ಕಯ್ಯಮ್ಮ ದೀಪದ ಬತ್ತಿ ಸರಿಮಾಡಿದಳು. ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಸೂತಕದ ಮನೆಯಿಂದ ಏನೂ ಆಚೆ ಹೋಗ್ಬಾರ್ದಪ್ಪ," ಎಂದಳು.

"ಹನ್ನೊಂದು ದಿವಸ ಆದ್ಮೇಲೆ ಬರ್ತಾರೆ ಬಿಡಮ್ಮ," ಎಂದ ಮಗ.

"ನನ್ ಸೂತಕ ಯಾವಾಗ ಮುಗಿಯುತ್ತೆ ಅಂತ ನನಗೆ ಗೊತ್ತು. ನೀನ್ ಸುಮ್ನಿರು."

ಮುಖ್ತಾರ್ ಕೀಯನ್ನು ಮೆಟ್ಟಿಲ ಮೇಲಿಟ್ಟ. "ಸರಿ ಅಕ್ಕ," ಎಂದ. ಸ್ಕೂಟರ್ ಹತ್ತುವಾಗ ಅವನ ಕಣ್ಣು ತುಂಬಿತ್ತು, ಆದರೂ ಮುಖದಲ್ಲಿ ಸೋತವನ ಕಳೆ ಇರಲಿಲ್ಲ. ಬಯ್ಯಪ್ಪ ಅವನ ಜೊತೆ ಕೆರೆ ಏರಿಯವರೆಗೂ ನಡೆದುಹೋಗಿ ಬೀಳ್ಕೊಟ್ಟು ಬಂದ.

ಹೊತ್ತು ಇಳಿಯಿತು. ಶಾಮಿಯಾನ ಬಿಚ್ಚುತ್ತಿದ್ದರು. ಒಳಗಿದ್ದವರಿಗೆ ಇದ್ದಕ್ಕಿದ್ದಂತೆ ಅಂಗಳದ ಆಚೆಯಿಂದ ಜೋರು ದನಿ ಕೇಳಿತು. ಯಾರ ಮೇಲೋ ಜಗಳಕ್ಕೆ ನಿಂತಂತಿತ್ತು. ವೆಂಕಟರವಣಪ್ಪ ಓಡಿ ಬಂದ.

ಹುಣಸೆಮರದ ಕೆಳಗೆ ಅಕ್ಕಯ್ಯಮ್ಮ ಜೀಪಿನ ಬಲಗಡೆ ಸೀಟಿನಲ್ಲಿ ಕೂತಿದ್ದಳು. ಸೆರಗು ಬಿಗಿದು ಸಿಕ್ಕಿಸಿದ್ದಳು. ಮುಖ ಎಡಗಡೆಯ ಖಾಲಿ ಸೀಟಿನ ಕಡೆಗಿತ್ತು.

"ಹುಳ ನಾಲ್ಕನೇ ಜ್ವರ ಎದ್ದವೆ! ಸೊಪ್ಪು ಯಾರು ಕೊಯ್ಬೇಕು? ಕೇಳಿಸ್ತಾ? ಬಯ್ಯಪ್ಪನ ಸೊಸೆ ಎರಡು ಹೊರೆ ತಂದಾಕವ್ಳೆ, ನಾಳೆಗೆ ಏನ್ ಮಾಡ್ಲಿ? ನಿಮ್ಮಕ್ಕ ಬೆಳಗ್ಗಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ! ಬಾಗಿನದ ವಿಷ್ಯ ಒಂದು ಮಾತು ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?"

ಮಗ ಮುಂದೆ ಹೆಜ್ಜೆ ಇಟ್ಟ. ಮುನಿಶಾಮಮ್ಮ ಅವನ ಕೈ ಹಿಡಿದು ನಿಲ್ಲಿಸಿದಳು.

ಅಂಗಳದಲ್ಲಿ ಎಲೆ ಅಲುಗುವ ಸದ್ದೂ ಇರಲಿಲ್ಲ. ಆದರೂ ಅವಳು ಗಂಟಲು ಹರಿಯುವಂತೆ ಕೂಗಿಯೇ ಹೇಳುತ್ತಿದ್ದಳು. ನಡುವೆ ಒಂದು ಕಡೆ, ಏರು ಬಂದಾಗ ಗೇರು ಬದಲಿಸುವಷ್ಟು ಹೊತ್ತು, ಮಾತು ನಿಲ್ಲಿಸಿ ಕಾದಳು. ಆಮೇಲೆ ಮತ್ತೆ ಶುರುಮಾಡಿದಳು.